ಪಹಣಿಯ 1.25 ಅಂದ್ರೆ ಒಂದೂಕಾಲು ಎಕರೆನಾ? ಎಕರೆ-ಗುಂಟೆ ಲೆಕ್ಕ ಹೆಕ್ಟೇರಿಗೆ ತರೋದು ಹೇಗೆ?

ಹೊಲದಂಚು:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಜಮೀನು ಭಾಗ ಮಾಡುವ ಮಾತು ನಡೀತಿದೆ. ಅದರ ಜೊತೆಗೆ ಬೆಳೆಸಾಲದ ಅರ್ಜಿಯೊಂದರಲ್ಲಿ ಒಟ್ಟು ವಿಸ್ತೀರ್ಣವನ್ನು ಹೆಕ್ಟೇರಿನಲ್ಲಿ ಬರೆಯಿರಿ ಅಂತ ಕೇಳಿದ್ದಾರೆ. ನಮ್ಮದು ಮೂರು ಸರ್ವೆ ನಂಬರ್. ಪಹಣಿಯಲ್ಲಿ ಒಂದಕ್ಕೆ 1.25, ಇನ್ನೊಂದಕ್ಕೆ 0.38, ಮೂರನೆಯದಕ್ಕೆ 2.10 ಅಂತಿದೆ. ಮೂರನೆಯದರಲ್ಲಿ 5 ಗುಂಟೆ ಖರಾಬು ಅಂತ ಬೇರೆ ತೋರಿಸಿದ್ದಾರೆ.

ತಮ್ಮ ಇದನ್ನೆಲ್ಲ ಎಕ್ಸೆಲ್‌ಗೆ ಹಾಕಿ ಕೂಡಿಸಿದ, 3.73 ಬಂತು. ಚಿಕ್ಕಪ್ಪ ಹಾಳೆಯ ಮೇಲೆ ಕೈಲೆಕ್ಕ ಹಾಕಿ 4 ಎಕರೆ 33 ಗುಂಟೆ ಅಂತಾರೆ. ಇಬ್ಬರೂ ತಮ್ಮದೇ ಸರಿ ಅಂತಾರೆ. ಆನ್‌ಲೈನ್ ಕನ್ವರ್ಟರ್‌ಗೆ 3.73 ಎಕರೆ ಹಾಕಿದ್ರೆ 1.51 ಹೆಕ್ಟೇರ್, 4.33 ಹಾಕಿದ್ರೆ 1.75 ಹೆಕ್ಟೇರ್ ತೋರಿಸುತ್ತೆ. ಯಾವುದನ್ನು ಬರೆಯಬೇಕು? ಆಮೇಲೆ ಇದು ಮೂರು ಜನಕ್ಕೆ ಸಮ ಭಾಗ ಆಗಬೇಕು, ಒಬ್ಬೊಬ್ಬರಿಗೆ ಎಷ್ಟು ಬರುತ್ತೆ ಅಂತಲೂ ತಿಳಿಸಿದರೆ ಉಪಕಾರ. ಗುಂಟೆಗಿಂತ ಕೆಳಗೆ ಆಣೆ ಅಂತ ಒಂದಿದೆಯಲ್ಲ, ಅದು ಎಷ್ಟು ಅಂತ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ.

ಸರಪಳಿ ಲೆಕ್ಕ:

ನಿಮ್ಮ ಚಿಕ್ಕಪ್ಪ ಹೇಳಿದ್ದೇ ಸರಿ. 4 ಎಕರೆ 33 ಗುಂಟೆ. ಆದರೆ ಅದನ್ನು ಕನ್ವರ್ಟರ್‌ಗೆ 4.33 ಅಂತ ಹಾಕಿದ ಕೂಡಲೇ ಅದೂ ತಪ್ಪಾಗುತ್ತದೆ. ಹಾಗಾಗಿ ನೀವು ಬರೆದಿರುವ ಎರಡು ಹೆಕ್ಟೇರ್ ಲೆಕ್ಕದಲ್ಲಿ ಯಾವುದೂ ಸರಿಯಿಲ್ಲ.

ಪಹಣಿಯಲ್ಲಿ ಕಾಣುವ ಆ ಚುಕ್ಕೆ ದಶಮಾಂಶದ ಬಿಂದು ಅಲ್ಲ. ಅದು ಎಕರೆಯನ್ನೂ ಗುಂಟೆಯನ್ನೂ ಬೇರೆ ಮಾಡುವ ಗುರುತು, ಅಷ್ಟೇ. 40 ಗುಂಟೆಗೆ ಒಂದು ಎಕರೆ. ಅಂದಮೇಲೆ 1.25 ಅಂದ್ರೆ 1 ಎಕರೆ 25 ಗುಂಟೆ, ಅಂದರೆ ಒಂದೂವರೆ ಎಕರೆ ದಾಟಿ ಇನ್ನೂ 5 ಗುಂಟೆ. ಒಂದೂಕಾಲು ಎಕರೆ ಆಗಿದ್ದರೆ ಪಹಣಿಯಲ್ಲಿ 1.10 ಅಂತ ಇರುತ್ತಿತ್ತು. ಹಿರಿಯರು 1-25 ಅಂತ ಅಡ್ಡಗೆರೆ ಹಾಕಿ ಬರೆಯುತ್ತಿದ್ದರು, ಅದರಲ್ಲಿ ಈ ಗೊಂದಲಕ್ಕೆ ಜಾಗವೇ ಇರಲಿಲ್ಲ.

ದಾರಿ ಒಂದೇ. ಮೊದಲು ಎಲ್ಲವನ್ನೂ ಗುಂಟೆಗೆ ಇಳಿಸಿಬಿಡಿ. ಎಕರೆಯನ್ನು 40ರಿಂದ ಗುಣಿಸಿ, ಗುಂಟೆ ಸೇರಿಸಿ. ಮೊದಲನೆಯದು 65, ಎರಡನೆಯದು 38, ಮೂರನೆಯದು 90. ಒಟ್ಟು 193 ಗುಂಟೆ. ಈಗ 40ರಿಂದ ಭಾಗಿಸಿದರೆ ಭಾಗಲಬ್ಧ 4, ಶೇಷ 33. ಇದೇ 4 ಎಕರೆ 33 ಗುಂಟೆ. ಕನ್ವರ್ಟರ್‌ಗೇ ಹಾಕಬೇಕು ಅಂದ್ರೆ 193ನ್ನು 40ರಿಂದ ಪೂರ್ತಿ ಭಾಗಿಸಿ 4.825 ಎಕರೆ ಅಂತ ಹಾಕಿ. ಹೆಕ್ಟೇರ್ 1.9526 ಬರುತ್ತದೆ. ನಿಮ್ಮ ತಮ್ಮನ 3.73ಕ್ಕೂ ಇದಕ್ಕೂ ಒಂದು ಎಕರೆ ಮೂರೂಮುಕ್ಕಾಲು ಗುಂಟೆಯ ವ್ಯತ್ಯಾಸ ಇದೆ ನೋಡಿ. ಭಾಗದ ವಿಷಯದಲ್ಲಿ ಇದು ಸಣ್ಣದಲ್ಲ.

ಹೆಕ್ಟೇರ್ ಅಂದ್ರೆ 100 ಮೀಟರ್ ಉದ್ದ, 100 ಮೀಟರ್ ಅಗಲದ ಚೌಕ, 10,000 ಚದರ ಮೀಟರ್. ಎಕರೆ ಅಂದ್ರೆ 43,560 ಚದರ ಅಡಿ, ಅಂದರೆ 4,047 ಚದರ ಮೀಟರ್‌ಗೆ ಹತ್ತಿರ. ಹೀಗಾಗಿ 1 ಹೆಕ್ಟೇರ್ ಅಂದ್ರೆ 2.471 ಎಕರೆ. ಇಲ್ಲೂ ಅದೇ ಎಚ್ಚರ ಬೇಕು, ಇದು 2 ಎಕರೆ 47 ಗುಂಟೆ ಅಲ್ಲ, 2 ಎಕರೆ 18.84 ಗುಂಟೆ. ಎಷ್ಟೋ ಜನ ಇದನ್ನು ಎರಡೂವರೆ ಎಕರೆ ಅಂತ ಬಾಯಿಮಾತಿಗೆ ಹೇಳುತ್ತಾರೆ, ಮಾತಿಗೆ ನಡೆಯುತ್ತೆ, ಕಾಗದಕ್ಕೆ ನಡೆಯೋದಿಲ್ಲ.

ನಿಮ್ಮ ವಿಷಯದಲ್ಲಿ ಇನ್ನೊಂದು ಮುಖ್ಯ ಸಂಗತಿ ಇದೆ. ಸಣ್ಣ ರೈತ ಅಂತ ಲೆಕ್ಕ ಹಾಕುವುದು 2 ಹೆಕ್ಟೇರ್ ಮಿತಿಯ ಮೇಲೆ, ಅತಿ ಸಣ್ಣ ರೈತ ಅಂದ್ರೆ 1 ಹೆಕ್ಟೇರ್ ಒಳಗೆ. 2 ಹೆಕ್ಟೇರ್ ಅಂದ್ರೆ 4 ಎಕರೆ 37 ಗುಂಟೆಯ ಮೇಲೆ ಸ್ವಲ್ಪ. ನಿಮ್ಮದು 4 ಎಕರೆ 33. ಮಿತಿಯ ಒಳಗೇ ಇದೆ, ಆದರೆ ಅಂತರ ಐದು ಗುಂಟೆಯೂ ಇಲ್ಲ. ಇಂಥ ಕಡೆ ಅಂದಾಜಿನಲ್ಲಿ 2 ಹೆಕ್ಟೇರ್ ಅಂತ ಬರೆಯೋದೂ ಬೇಡ, ಐದು ಎಕರೆ ಅಂತ ಬರೆಯೋದಂತೂ ಬೇಡವೇ ಬೇಡ. ಐದು ಎಕರೆ 2 ಹೆಕ್ಟೇರಿಗಿಂತ ಜಾಸ್ತಿ ಆಗಿಬಿಡುತ್ತೆ.

ಕಡಲ ಕಡೆಯವಳು:

ಮೇಲಿನ ಉತ್ತರ ಸರಿಯಾಗಿದೆ. ಆದರೆ ಇದನ್ನು ಓದಿ ಕರಾವಳಿ ಕಡೆಯವರು ತಮ್ಮ ಪಹಣಿಗೂ ಇದೇ ಲೆಕ್ಕ ಹಾಕಬಾರದು ಅಂತ ಬರೀತಿದ್ದೇನೆ. ದಕ್ಷಿಣ ಕನ್ನಡ, ಉಡುಪಿ ಕಡೆ ನಾವು ಗುಂಟೆ ಹೇಳೋದಿಲ್ಲ, ಸೆಂಟ್ಸ್ ಹೇಳ್ತೇವೆ. ಹಳೆಯ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದ ಬಳಕೆ ಅದು. ಒಂದು ಎಕರೆಗೆ 100 ಸೆಂಟ್ಸ್, ಒಂದು ಸೆಂಟ್ ಅಂದ್ರೆ 435.6 ಚದರ ಅಡಿ. ಹೀಗಾಗಿ ನಮ್ಮಲ್ಲಿ 1.25 ಅಂತ ಇದ್ದರೆ ಅದು ನಿಜಕ್ಕೂ ಒಂದೂಕಾಲು ಎಕರೆ, ನೇರವಾಗಿ ಕೂಡಿಸಬಹುದು, ಕನ್ವರ್ಟರ್‌ಗೂ ಹಾಗೇ ಹಾಕಬಹುದು.

ಎರಡೂವರೆ ಸೆಂಟ್ಸ್ ಸೇರಿದರೆ ಒಂದು ಗುಂಟೆ. ಈ ಒಂದು ಸಂಬಂಧ ನೆನಪಿದ್ದರೆ ಸಾಕು, ಉಳಿದದ್ದು ತಾನೇ ಬರುತ್ತೆ. 10 ಸೆಂಟ್ಸ್ ಅಂದ್ರೆ 4 ಗುಂಟೆ, 25 ಸೆಂಟ್ಸ್ ಅಂದ್ರೆ 10 ಗುಂಟೆ.

ಕಾಗದ ನೋಡಿದಾಗ ಗುಂಟೆಯೋ ಸೆಂಟ್ಸೋ ಅಂತ ಅನುಮಾನ ಬಂದರೆ ಚುಕ್ಕೆಯ ಮುಂದಿನ ಅಂಕೆ ನೋಡಿ. ಗುಂಟೆ 39 ದಾಟೋದಿಲ್ಲ, 40 ಆದ ಕೂಡಲೇ ಎಕರೆ ಆಗಿಬಿಡುತ್ತೆ. ಅಲ್ಲಿ 62 ಅಂತಲೋ 85 ಅಂತಲೋ ಇದ್ದರೆ ಅದು ಖಂಡಿತ ಗುಂಟೆ ಅಲ್ಲ. 39 ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಮಾತ್ರ ಊರಿನ ಬಳಕೆ ಯಾವುದು ಅಂತ ಕೇಳಿಯೇ ತಿಳಿಯಬೇಕು.

ಸರಪಳಿ ಲೆಕ್ಕ:

@ಕಡಲ ಕಡೆಯವಳು, ಒಳ್ಳೆ ಮಾತು ಸೇರಿಸಿದ್ರಿ ತಾಯಿ. 39ರ ಗುರುತು ಎಲ್ಲರೂ ನೆನಪಿಟ್ಟುಕೊಳ್ಳಬೇಕಾದದ್ದು.

ಈಗ ಆಣೆ. ಅದಕ್ಕೆ ಮೊದಲು ಗುಂಟೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. 33 ಅಡಿ ಉದ್ದ, 33 ಅಡಿ ಅಗಲದ ಚೌಕ, 1,089 ಚದರ ಅಡಿ. ಈ 33 ಸುಮ್ನೆ ಬಂದದ್ದಲ್ಲ. ಎಡ್ಮಂಡ್ ಗಂಟರ್ ಅನ್ನುವ ಇಂಗ್ಲಿಷ್ ಗಣಿತಜ್ಞ 1620ರ ಸುಮಾರಿಗೆ 66 ಅಡಿಯ ಅಳತೆ ಸರಪಳಿ ರೂಪಿಸಿದ. ಆ ಸರಪಳಿಯಲ್ಲಿ ಒಂದು ಸರಪಳಿ ಅಗಲ, ಹತ್ತು ಸರಪಳಿ ಉದ್ದ ಅಳೆದರೆ ಸರಿಯಾಗಿ ಒಂದು ಎಕರೆ. ನಮ್ಮ ಸರ್ವೆಯಲ್ಲಿ ಬಳಸಿದ ಗುಂಟೆ ಸರಪಳಿ ಅದರ ಅರ್ಧ, 33 ಅಡಿ. ಒಂದು ದೊಡ್ಡ ಸರಪಳಿ ಚೌಕದೊಳಗೆ ನಾಲ್ಕು ಗುಂಟೆ ಕೂರುತ್ತವೆ, ಅಂಥ ಹತ್ತು ಚೌಕ ಸೇರಿದರೆ ಎಕರೆ, ಹೀಗೆ 40.

ಆ 33 ಅಡಿಯನ್ನು 16 ಪಾಲು ಮಾಡಿದರು, ಹಳೇ ರೂಪಾಯಿಗೆ 16 ಆಣೆ ಇದ್ದ ಹಾಗೇ. ಒಂದು ಪಾಲು ಎರಡು ಅಡಿಗಿಂತ ಮುಕ್ಕಾಲು ಅಂಗುಲ ಜಾಸ್ತಿ. ವಿಸ್ತೀರ್ಣದಲ್ಲಿ ಒಂದು ಆಣೆ ಅಂದ್ರೆ 33 ಅಡಿ ಉದ್ದದ, ಎರಡು ಅಡಿ ಚಿಲ್ಲರೆ ಅಗಲದ ಪಟ್ಟಿ. 68 ಚದರ ಅಡಿಯ ಲೆಕ್ಕ. ಒಬ್ಬರು ಹೊಲದ ಬದುವಿನ ಮೇಲೆ ನಡೆದು ಹೋಗುವಷ್ಟು ಅಗಲ. ಪಹಣಿಯಲ್ಲಿ ಮೂರು ಮನೆ ಇದ್ದು 1.25.08 ಅಂತ ಕಂಡರೆ 1 ಎಕರೆ 25 ಗುಂಟೆ 8 ಆಣೆ, ಅಂದರೆ 25 ಗುಂಟೆಯ ಮೇಲೆ ಇನ್ನು ಅರ್ಧ ಗುಂಟೆ.

ನಿಮ್ಮ 193 ಗುಂಟೆಯನ್ನು ಮೂರು ಪಾಲು ಮಾಡಿ. 64 ಗುಂಟೆ ಬಂತು, ಒಂದು ಗುಂಟೆ ಉಳಿಯಿತು. ಆ ಒಂದನ್ನು 16 ಆಣೆ ಮಾಡಿ ಮತ್ತೆ ಮೂರಕ್ಕೆ ಹಂಚಿದರೆ ತಲಾ 5 ಆಣೆ, ಇನ್ನು ಒಂದು ಆಣೆ ಉಳಿಯುತ್ತೆ. ಇಬ್ಬರಿಗೆ 1 ಎಕರೆ 24 ಗುಂಟೆ 5 ಆಣೆ, ಒಬ್ಬರಿಗೆ 6 ಆಣೆ. ಆ ಒಂದು ಆಣೆ ಯಾರ ಕಡೆ ಹೋಗುತ್ತೆ ಅಂತ ಈಗಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ಬಾವಿ ಪಕ್ಕದ ಅಥವಾ ದಾರಿ ಪಕ್ಕದ ಪಟ್ಟಿ ಆದರೆ ಎರಡು ಅಡಿಗೂ ಬೆಲೆ ಇದೆ.

ಕೋಶದ ಒಳಗೆ:

ತಮ್ಮನವರನ್ನು ಬೈಯಬೇಡಿ, ಎಕ್ಸೆಲ್ ಇಲ್ಲಿ ಎರಡು ಕಡೆಯಿಂದ ತೊಂದರೆ ಕೊಡುತ್ತೆ. 2.10 ಅಂತ ಟೈಪ್ ಮಾಡಿ ಎಂಟರ್ ಒತ್ತಿ ನೋಡಿ, ಕೊನೆಯ ಸೊನ್ನೆ ಮಾಯವಾಗಿ 2.1 ಉಳಿಯುತ್ತೆ. ಆಮೇಲೆ ಆ ಹಾಳೆ ನೋಡಿದವರು ಅದನ್ನು 2 ಎಕರೆ 1 ಗುಂಟೆ ಅಂತ ಓದುತ್ತಾರೆ, ಒಂಬತ್ತು ಗುಂಟೆ ಹೋಯ್ತು. ಸರಿ, ಅಡ್ಡಗೆರೆ ಹಾಕೋಣ ಅಂತ 2-10 ಬರೆದರೆ ಅದು ಅಕ್ಟೋಬರ್ 2 ಅಂತಲೋ ಫೆಬ್ರವರಿ 10 ಅಂತಲೋ ತಾರೀಖು ಮಾಡಿಬಿಡುತ್ತೆ.

ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು, ಆಣೆಗೆ ಒಂದು ಮಾಡಿ. ನಾಲ್ಕನೇ ಕಾಲಂನಲ್ಲಿ ಎಕರೆ ಗುಣಿಸು 40, ಕೂಡಿಸು ಗುಂಟೆ, ಕೂಡಿಸು ಆಣೆ ಭಾಗಿಸು 16. ಕೂಡೋದು, ಕಳೆಯೋದು, ಭಾಗ ಮಾಡೋದು ಎಲ್ಲ ಆ ನಾಲ್ಕನೇ ಕಾಲಂನಲ್ಲೇ ನಡೀಲಿ. ಹೆಕ್ಟೇರ್ ಬೇಕಾದಾಗ ಅದನ್ನು 0.0101171ರಿಂದ ಗುಣಿಸಿ. ಕನ್ವರ್ಟರ್ ಹತ್ತಿರ ಹೋಗೋದೇ ಬೇಡ.

ಇನ್ನೊಂದು ಮಾತು. ಚದರ ಅಡಿಯಿಂದ ಚದರ ಮೀಟರ್‌ಗೆ ಹೋಗುವಾಗ ಬಹಳ ಜನ 3.28ರಿಂದ ಭಾಗಿಸುತ್ತಾರೆ. ಅದು ಉದ್ದದ ಲೆಕ್ಕ. ವಿಸ್ತೀರ್ಣಕ್ಕೆ ಉದ್ದ, ಅಗಲ ಎರಡೂ ಬದಲಾಗುತ್ತೆ ಅಲ್ವಾ, ಹಾಗಾಗಿ ಎರಡು ಸಲ ಭಾಗಿಸಬೇಕು, ಅಂದರೆ 10.764ರಿಂದ. ಒಂದು ಗುಂಟೆಯ 1,089 ಅಡಿಯನ್ನು 3.28ರಿಂದ ಭಾಗಿಸಿದರೆ 332 ಬರುತ್ತೆ, ನಿಜವಾದ ಉತ್ತರ 101.17 ಚದರ ಮೀಟರ್. ಮೂರು ಪಟ್ಟು ತಪ್ಪು! ಗುಂಟೆ ಅಂದ್ರೆ ನೂರು ಚದರ ಮೀಟರ್‌ಗೆ ಹತ್ತಿರ ಅಂತ ಮನಸ್ಸಿನಲ್ಲಿದ್ದರೆ ಇಂಥ ಉತ್ತರ ಬಂದ ಕೂಡಲೇ ಎಲ್ಲೋ ಎಡವಟ್ಟಾಗಿದೆ ಅಂತ ಗೊತ್ತಾಗುತ್ತೆ. ಸೈಟು ತಗೊಳ್ಳೋರಿಗೂ ಇದೇ ಮಾತು. 30×40 ಸೈಟ್ ಅಂದ್ರೆ 1,200 ಚದರ ಅಡಿ, ಒಂದು ಗುಂಟೆಗಿಂತ 111 ಅಡಿ ಜಾಸ್ತಿ. ಎಕರೆಗೆ ಲೆಕ್ಕದ ಪ್ರಕಾರ 36 ಸೈಟ್ ಆಗುತ್ತೆ, ಆದರೆ ರಸ್ತೆ, ಪಾರ್ಕ್ ಎಲ್ಲ ಬಿಟ್ಟ ಮೇಲೆ ಅಷ್ಟು ಯಾವ ಬಡಾವಣೆಯಲ್ಲೂ ಸಿಗೋದಿಲ್ಲ.

ಹೊಲದಂಚು:

ಎಲ್ಲರಿಗೂ ತುಂಬಾ ಧನ್ಯವಾದ. ತಮ್ಮ ಕೂತು ನಾಲ್ಕು ಕಾಲಂ ಮಾಡಿದ, 193 ಬಂತು, ಚಿಕ್ಕಪ್ಪನಿಗೂ ಖುಷಿ ಆಯ್ತು. ಒಂದೇ ಒಂದು ಉಳಿದಿದೆ. ಆ 5 ಗುಂಟೆ ಖರಾಬನ್ನು ಅರ್ಜಿಯಲ್ಲಿ ಸೇರಿಸಬೇಕಾ, ಬಿಡಬೇಕಾ? ಭಾಗ ಮಾಡುವಾಗ ಏನು ಮಾಡೋದು?

ಸರಪಳಿ ಲೆಕ್ಕ:

ಮೊದಲು ಅದು ಯಾವ ಖರಾಬು ಅಂತ ನೋಡಿ. ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಫೂಟ್ ಖರಾಬು ‘ಅ’ ಮತ್ತು ‘ಬ’ ಅಂತ ಬೇರೆ ಬೇರೆ ಇರುತ್ತೆ. ‘ಅ’ ಅಂದ್ರೆ ಸಾಗುವಳಿಗೆ ಬಾರದ ಜಾಗ, ಕಲ್ಲುಬಂಡೆ ಇತ್ಯಾದಿ, ಆದರೆ ಜಮೀನಿನ ಜೊತೆಗೇ ನಿಮ್ಮದು. ‘ಬ’ ಅಂದ್ರೆ ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಬಳಕೆಯ ಜಾಗ, ಅದನ್ನು ನಿಮ್ಮ ಪಾಲಿನ ಲೆಕ್ಕಕ್ಕೆ ತರುವ ಹಾಗಿಲ್ಲ.

ಅರ್ಜಿಯಲ್ಲಿ ಸಾಗುವಳಿ ವಿಸ್ತೀರ್ಣ ಕೇಳಿದ್ದರೆ ಎರಡರಲ್ಲಿ ಯಾವುದಾದರೂ ಸರಿ, 5 ಗುಂಟೆ ಕಳೆಯಿರಿ. 188 ಗುಂಟೆ, 4 ಎಕರೆ 28 ಗುಂಟೆ, 1.902 ಹೆಕ್ಟೇರ್. ಒಟ್ಟು ವಿಸ್ತೀರ್ಣ ಅಂತ ಕೇಳಿದ್ದರೆ 193ರ ಲೆಕ್ಕ, ಅಂದರೆ 1.953. ಭಾಗಕ್ಕೆ ಬಂದರೆ, ‘ಬ’ ಆಗಿದ್ದರೆ 188ನ್ನೇ ಮೂರು ಮಾಡಿ, ತಲಾ 1 ಎಕರೆ 22 ಗುಂಟೆ 10 ಆಣೆ ಬಂದು ಎರಡು ಆಣೆ ಉಳಿಯುತ್ತೆ. ‘ಅ’ ಆಗಿದ್ದರೆ 193 ಸರಿ, ಆದರೆ ಆ ಐದು ಗುಂಟೆ ಬಂಡೆ ಒಬ್ಬರ ಪಾಲಿಗೇ ಪೂರ್ತಿ ಬಿದ್ದರೆ ಕಾಗದದಲ್ಲಿ ಸಮ, ಹೊಲದಲ್ಲಿ ಕಡಿಮೆ. ಹಾಗಾಗಿ ಸಾಗುವಳಿ ಜಮೀನನ್ನು ಬೇರೆ, ಖರಾಬನ್ನು ಬೇರೆ ಹಂಚಿಕೊಳ್ಳಿ.

ಪಹಣಿಯ ವಿಸ್ತೀರ್ಣ ಆಕಾರ್‌ಬಂದ್‌ಗೆ (ಸರ್ವೆಯವರ ಮೂಲ ವಿಸ್ತೀರ್ಣದ ದಾಖಲೆಗೆ) ತಾಳೆ ಆಗುತ್ತಾ ಅಂತಲೂ ಒಮ್ಮೆ ನೋಡಿ, ಎರಡರಲ್ಲಿ ಬೇರೆ ಬೇರೆ ಇರುವ ಪ್ರಕರಣ ಬೇಕಾದಷ್ಟಿವೆ. ತಾಳೆ ಆಗದಿದ್ದರೆ ಈ ಲೆಕ್ಕವೆಲ್ಲ ಮತ್ತೆ ಹಾಕಬೇಕಾಗುತ್ತೆ. ಫೋನಿನ ಜಿಪಿಎಸ್ ಆ್ಯಪ್ ಹಿಡಿದು ಬದು ಸುತ್ತಿ ಬಂದ ಅಳತೆಯನ್ನು ಮಾತ್ರ ಭಾಗಕ್ಕೆ ನೆಚ್ಚಬೇಡಿ. ಅದು ಕೆಲವು ಮೀಟರ್ ಆಚೀಚೆ ತೋರಿಸುತ್ತೆ, ಒಂದು ಆಣೆಯ ಅಗಲ ಮುಕ್ಕಾಲು ಮೀಟರ್ ಕೂಡ ಇಲ್ಲ. ಸರ್ವೆಯವರನ್ನೇ ಕರೆಸಿ ಅಳತೆ ಮಾಡಿಸಿ, ನಕ್ಷೆ ಮಾಡಿಸಿಕೊಳ್ಳಿ.

ವಿಭಾಗ ಪತ್ರ ಬರೆಸುವಾಗ 1.24 ಅಂತ ಚುಕ್ಕೆ ಹಾಕಿ ಬಿಡಬೇಡಿ. “ಒಂದು ಎಕರೆ ಇಪ್ಪತ್ತನಾಲ್ಕು ಗುಂಟೆ ಐದು ಆಣೆ” ಅಂತ ಅಕ್ಷರದಲ್ಲಿ ಬರೆಸಿ, ಪಕ್ಕದಲ್ಲಿ ಚದರ ಮೀಟರ್ ಕೂಡ ಹಾಕಿಸಿ, ಕೆಳಗೆ ನಾಲ್ಕೂ ದಿಕ್ಕಿನ ಚಕ್ಕುಬಂದಿ ಸರಿಯಾಗಿ ಇರಲಿ.