ಪದಚರ್ಚೆ: ‘ಸೈಟ್ ಹ್ಯಾಕ್ ಆಗಿರಬಹುದು’ ಎಂಬ ಗೂಗಲ್ ಎಚ್ಚರಿಕೆಯನ್ನು ಕನ್ನಡದಲ್ಲಿ ಹೇಗೆ ಬರೆಯೋಣ?

ತುಮಕೂರಿನಿಂದ:

ಬಳಗದ ಎಲ್ಲರಿಗೂ ನಮಸ್ಕಾರ.

ಜಿಲ್ಲೆಯ ರೈತ ಉತ್ಪಾದಕ ಕಂಪನಿಗಳು, ಸಣ್ಣ ಶಾಲೆಗಳು, ತಿಪಟೂರಿನ ಕೊಬ್ಬರಿ ವ್ಯಾಪಾರಿಗಳು ಇಂಥವರಿಗೆ ಕೊಡಲು ಎರಡು ಪುಟದ ಸೂಚನೆಯೊಂದು ತಯಾರಾಗುತ್ತಿದೆ. ಗೂಗಲ್‌ನಲ್ಲಿ ಹುಡುಕಿದಾಗ ತಮ್ಮ ಸೈಟಿನ ಹೆಸರಿನ ಕೆಳಗೆ ‘ದಿಸ್ ಸೈಟ್ ಮೇ ಬಿ ಹ್ಯಾಕ್ಡ್’ ಎಂಬ ಸಾಲು ಕಂಡರೆ ಏನು ಮಾಡಬೇಕು ಅನ್ನುವುದೇ ವಿಷಯ. ಕರಡಿನ ಮೊದಲ ವಾಕ್ಯ ಹೀಗಿದೆ:

‘ನಿಮ್ಮ ಜಾಲತಾಣಕ್ಕೆ ವೈರಸ್ ತಗುಲಿದೆ ಎಂಬ ಮುನ್ನೆಚ್ಚರಿಕೆ ಬಂದರೆ, ಅದನ್ನು ಸ್ವಚ್ಛಗೊಳಿಸಿ ಗೂಗಲ್‌ಗೆ ರಿವ್ಯೂ ಕೇಳಿ.’

ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಓದಿದವರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಿದ್ದಾರೆ. ‘ಹ್ಯಾಕ್’ ಅನ್ನೇ ಉಳಿಸಿಕೊಳ್ಳುವುದೋ, ‘ಕನ್ನ’ ಅನ್ನುವುದೋ? ಮಾಲ್‌ವೇರ್, ಇಂಜೆಕ್ಷನ್, ಬ್ಯಾಕ್‌ಡೋರ್, ರಿವ್ಯೂ ಇವಕ್ಕೆ ಜನರಿಗೆ ಕೂಡಲೇ ಹೊಳೆಯುವ ಪದ ಯಾವುದು? ತಿಳಿದವರು ದಯವಿಟ್ಟು ಬರೆಯಿರಿ.

ಕೋಲಾರದಿಂದ:

ನಮಸ್ಕಾರ. ಕರಡಿನ ಒಂದೇ ವಾಕ್ಯದಲ್ಲಿ ಮೂರು ಪದ ದಾರಿ ತಪ್ಪಿಸುತ್ತಿವೆ.

ಮೊದಲನೆಯದು ‘ವೈರಸ್’. ಈ ಪದ ಕಿವಿಗೆ ಬಿದ್ದೊಡನೆ ಜನ ಆಫೀಸಿನ ಕಂಪ್ಯೂಟರಿಗೆ ಆಂಟಿವೈರಸ್ ಹಾಕಿಸುತ್ತಾರೆ, ಇಲ್ಲವೇ ಫಾರ್ಮ್ಯಾಟ್ ಮಾಡಿಸುತ್ತಾರೆ. ಸೈಟಿನ ಕಡತಗಳಿರುವುದು ಆ ಕಂಪ್ಯೂಟರಿನಲ್ಲಲ್ಲ, ಹೋಸ್ಟಿಂಗ್ ಕಂಪನಿಯ ಸರ್ವರಿನಲ್ಲಿ. ಇಲ್ಲಿ ಎಷ್ಟು ತಿಕ್ಕಿದರೂ ಅಲ್ಲಿನದು ಹಾಗೇ ಇರುತ್ತದೆ. ಪಾಸ್‌ವರ್ಡ್ ಕದ್ದದ್ದು ಆಫೀಸಿನ ಕಂಪ್ಯೂಟರಿನಿಂದಲೇ ಇರಬಹುದು, ಹಾಗಾಗಿ ಅದನ್ನೂ ಪರೀಕ್ಷಿಸಬೇಕು ನಿಜ. ಆದರೆ ಅದಷ್ಟೇ ಕೆಲಸ ಎಂಬ ಭಾವನೆ ಬರಬಾರದು. ‘ವೈರಸ್’ ತೆಗೆದೇಬಿಡಿ.

ಎರಡನೆಯದು ‘ಮುನ್ನೆಚ್ಚರಿಕೆ’. ಅದು ಅನಾಹುತ ಆಗುವ ಮುಂಚೆ ನಾವು ವಹಿಸುವುದು. ಗೂಗಲ್ ಕೊಡುತ್ತಿರುವುದು ‘ಎಚ್ಚರಿಕೆ’, ಅದೂ ಆಗಿಹೋದ ಮೇಲೆ. ‘ಮುನ್ನೆಚ್ಚರಿಕೆ ಬಂದಿದೆ’ ಎಂದು ಓದಿದವರು ಇನ್ನೂ ಏನೂ ಆಗಿಲ್ಲ, ನಿಧಾನಕ್ಕೆ ನೋಡೋಣ ಅಂದುಕೊಳ್ಳುತ್ತಾರೆ. ಇಂಗ್ಲಿಷಿನ ‘ಮೇ ಬಿ’ಗೆ ‘ಆಗಿರಬಹುದು’ ಸರಿಯಾದ ಅನುವಾದವೇ. ಆದರೂ ಸೂಚನೆಯಲ್ಲಿ ಒಂದು ಮಾತು ಸೇರಿಸಿ: ಅನುಮಾನದ ಧಾಟಿ ಎಚ್ಚರಿಕೆಯದ್ದು, ಮಾಲೀಕರು ಆಗಿದೆ ಎಂದೇ ತಿಳಿದು ಹುಡುಕಬೇಕು.

ಮೂರನೆಯದು ‘ರಿವ್ಯೂ ಕೇಳಿ’. ವ್ಯಾಪಾರಿಗಳಿಗೆ ರಿವ್ಯೂ ಅಂದರೆ ಗೂಗಲ್ ಮ್ಯಾಪ್‌ನಲ್ಲಿ ಗಿರಾಕಿ ಕೊಡುವ 5 ನಕ್ಷತ್ರ. ಇಲ್ಲಿ ಕೇಳುವುದು ‘ಮರುತಪಾಸಣೆ’. ಸೈಟಿನ ಮಾಲೀಕರಿಗೆಂದು ಗೂಗಲ್ ಕೊಡುವ ಸಲಕರಣೆ ಸರ್ಚ್ ಕನ್ಸೋಲ್‌ನ ‘ಸೆಕ್ಯುರಿಟಿ ಇಶ್ಯೂಸ್’ ಪುಟದಲ್ಲಿ ಅದರ ಬಟನ್ ಇದೆ.

ಇನ್ನು ‘ಹ್ಯಾಕ್’. 2010ರ ಡಿಸೆಂಬರ್‌ನಲ್ಲಿ ಗೂಗಲ್ ಈ ಸಾಲನ್ನು ಮೊದಲು ಹಾಕಿದಾಗ ಅದರಲ್ಲಿದ್ದದ್ದು ‘ಕಾಂಪ್ರಮೈಸ್ಡ್’ ಎಂಬ ಪದ, ‘ಹ್ಯಾಕ್ಡ್’ ಆಮೇಲೆ ಬಂತು. ಹಳೆಯ ಪದವೇ ಉಳಿದಿದ್ದರೆ ನಮ್ಮಲ್ಲಿ ಪಜೀತಿಯಾಗುತ್ತಿತ್ತು. ಕಾಂಪ್ರಮೈಸ್ ಅಂದರೆ ಇಲ್ಲಿ ಕೋರ್ಟಿನಲ್ಲಿ ಆಗುವ ರಾಜಿ. ‘ಹ್ಯಾಕ್’ ಎಲ್ಲರಿಗೂ ಗೊತ್ತು, ಶೀರ್ಷಿಕೆಯಲ್ಲಿ ಅದೇ ಇರಲಿ. ವಿವರಣೆಗೆ ಮಾತ್ರ ‘ಕನ್ನ’ ನನಗೆ ಬಹಳ ಒಪ್ಪಿಗೆ. ಕನ್ನ ಅಂದರೆ ಕಳ್ಳ ಗೋಡೆಯಲ್ಲಿ ಕೊರೆದ ತೂತು. ಕನ್ನಗಳ್ಳ, ಕನ್ನಗತ್ತರಿ ಹಳೆಯ ಪದಗಳು. ‘ಬ್ಯಾಂಕ್ ಖಾತೆಗೆ ಕನ್ನ’ ಎಂದು ಪತ್ರಿಕೆಗಳು ಇಂದಿಗೂ ಬರೆಯುತ್ತವೆ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆ ಮನೆಯಲ್ಲಿ ತೆಲುಗು ಆಡುವವರಿಗೂ ‘ಕನ್ನಂ’ ಅದೇ. ಎಲ್ಲಕ್ಕಿಂತ ಮುಖ್ಯವಾಗಿ, ಕನ್ನ ಅಂದೊಡನೆ ಎರಡು ಕೆಲಸ ನೆನಪಾಗುತ್ತವೆ: ಒಳಗೆ ಏನಾಗಿದೆ ನೋಡುವುದು, ತೂತು ಮುಚ್ಚುವುದು. ‘ಸ್ವಚ್ಛಗೊಳಿಸಿ’ಯಲ್ಲಿ ಎರಡನೆಯದು ಇಲ್ಲ. ಅದಕ್ಕೇ ಜನ ಕಸ ಗುಡಿಸಿ ಸುಮ್ಮನಾಗುತ್ತಾರೆ, ಅದೇ ತೂತಿನಿಂದ ಕಳ್ಳರು ಮತ್ತೆ ನುಗ್ಗುತ್ತಾರೆ.

ತೂತು ಎಲ್ಲೆಲ್ಲಿ ಎಂಬುದನ್ನು ಬಿಡಿಸಿ ಬರೆಯಿರಿ. ವರ್ಡ್‌ಪ್ರೆಸ್ (ಸೈಟ್ ಕಟ್ಟುವ ತಂತ್ರಾಂಶ) ಬಳಸಿದ ಸೈಟಾದರೆ ಹೆಚ್ಚಾಗಿ ಅಪ್‌ಡೇಟ್ ಮಾಡದ ಪ್ಲಗಿನ್ (ಹೆಚ್ಚುವರಿ ಸೌಲಭ್ಯದ ತುಣುಕು), ಪುಕ್ಕಟೆ ಸಿಗುತ್ತದೆಂದು ಇಳಿಸಿಕೊಂಡ ನಕಲಿ ಥೀಮ್ (ಸೈಟಿನ ಹೊರರೂಪ), ಸುಲಭವಾದ ಅಥವಾ ಬೇರೆಡೆ ಸೋರಿದ ಪಾಸ್‌ವರ್ಡ್. ‘ಬ್ಯಾಕ್‌ಡೋರ್’ಗೆ ‘ಹಿಂಬಾಗಿಲು’ ಬೇಡ ಅನಿಸುತ್ತದೆ. ‘ಹಿಂಬಾಗಿಲ ಪ್ರವೇಶ’ ಅಂದರೆ ಕನ್ನಡದಲ್ಲಿ ವಶೀಲಿ ಹಚ್ಚಿ ಹುದ್ದೆ ಗಿಟ್ಟಿಸುವುದು. ‘ಕಳ್ಳಕಿಂಡಿ’ ಅನ್ನಿ: ಮತ್ತೆ ಬರಲೆಂದು ಕಳ್ಳನೇ ಬಿಟ್ಟುಹೋದದ್ದು. ಅದು ಹೇಗಿರುತ್ತದೆ ಎಂದು ತೋರಿಸಿದರೆ ಪದ ನಿಲ್ಲುತ್ತದೆ. ವರ್ಡ್‌ಪ್ರೆಸ್‌ನ ‘ಅಪ್‌ಲೋಡ್ಸ್’ ಫೋಲ್ಡರಿನಲ್ಲಿ ವರ್ಷ, ತಿಂಗಳ ಪ್ರಕಾರ ಚಿತ್ರಗಳಿರುತ್ತವೆ, ಸರ್ವರಿನಲ್ಲಿ ಓಡುವ ಕೋಡ್ ಇರುವ ಪಿಎಚ್‌ಪಿ ಕಡತಕ್ಕೆ ಅಲ್ಲಿ ಸಾಮಾನ್ಯವಾಗಿ ಕೆಲಸವಿಲ್ಲ. ಶಾಲೆಯ ವಾರ್ಷಿಕೋತ್ಸವದ ಫೋಟೋಗಳ ನಡುವೆ ಒಂದು ಪಿಎಚ್‌ಪಿ ಕಡತ ಇದೆ ಅನ್ನಿ. ತೆರೆದರೆ ಮೊದಲ ಸಾಲಿನಲ್ಲೇ ‘ಇವಾಲ್’ (ಬರಹವನ್ನು ಕೋಡ್ ಆಗಿ ಓಡಿಸುವ ಆಜ್ಞೆ), ಅದರ ಬೆನ್ನಿಗೆ ‘ಬೇಸ್64 ಡಿಕೋಡ್’ (ರೂಪ ಬದಲಿಸಿ ಬರೆದದ್ದನ್ನು ಬಿಡಿಸುವ ಆಜ್ಞೆ), ಆಮೇಲೆ ಉಸಿರು ಬಿಡದೆ ಸಾವಿರಾರು ಅಕ್ಷರಗಳ ಕಲಸುಮೇಲೋಗರ. ಅದೇ ಕಿಂಡಿ. (ಆ ಎರಡು ಪದ ಒಳ್ಳೆಯ ಪ್ಲಗಿನ್‌ಗಳಲ್ಲೂ ಒಮ್ಮೊಮ್ಮೆ ಬರುತ್ತವೆ. ಜಾಗ ಮತ್ತು ಕಲಸುಮೇಲೋಗರ ಸೇರಿಸಿ ತೀರ್ಮಾನಿಸಬೇಕು.)

ಕಿಂಡಿ ಕಡತದಲ್ಲೇ ಇರಬೇಕೆಂದಿಲ್ಲ. ಗೊತ್ತಿಲ್ಲದ ಅಡ್ಮಿನ್ ಬಳಕೆದಾರ, ಡೇಟಾಬೇಸಿನಲ್ಲಿ ಕೂತ ಸ್ಕ್ರಿಪ್ಟ್, ಗಂಟೆಗೊಮ್ಮೆ ತಾನೇ ಓಡುವ ಕ್ರಾನ್ ಕೆಲಸ, ಇವೆಲ್ಲ ಕಿಂಡಿಗಳೇ. ಸರ್ಚ್ ಕನ್ಸೋಲ್‌ನ ‘ಯೂಸರ್ಸ್ ಅಂಡ್ ಪರ್ಮಿಷನ್ಸ್’ನಲ್ಲಿ ಅಪರಿಚಿತ ‘ಓನರ್’ ಇದ್ದರೆ ಹೆಸರು ತೆಗೆದರೆ ಸಾಲದು. ಮಾಲೀಕತ್ವ ಸಾಬೀತಿಗೆ ಅವನು ಸೈಟಿನಲ್ಲಿಟ್ಟ ಎಚ್‌ಟಿಎಂಎಲ್ ಕಡತವನ್ನೂ ತೆಗೆಯಬೇಕು, ಇಲ್ಲದಿದ್ದರೆ ಮತ್ತೆ ಸೇರಿಕೊಳ್ಳುತ್ತಾನೆ.

ಕ್ರಮವೂ ಮುಖ್ಯ. ಅಳಿಸುವ ಮುಂಚೆ ಈಗಿರುವಂತೆಯೇ ಒಂದು ಪ್ರತಿ ಇಟ್ಟುಕೊಳ್ಳಿ, ಅದು ಸಾಕ್ಷಿ. ಸೈಟನ್ನು 503 (ಸದ್ಯಕ್ಕೆ ಲಭ್ಯವಿಲ್ಲ) ಉತ್ತರ ಕೊಡುವಂತೆ ತಾತ್ಕಾಲಿಕವಾಗಿ ನಿಲ್ಲಿಸಿ. ಆಮೇಲೆ ಹೋಸ್ಟಿಂಗ್, ಎಫ್‌ಟಿಪಿ (ಸರ್ವರಿಗೆ ಕಡತ ಸಾಗಿಸುವ ವ್ಯವಸ್ಥೆ), ಡೇಟಾಬೇಸ್, ಅಡ್ಮಿನ್ ಎಲ್ಲ ಪಾಸ್‌ವರ್ಡ್ ಬದಲಿಸಿ, ಕೆಲಸ ಮುಗಿದ ಮೇಲೆ ಇನ್ನೊಮ್ಮೆ ಬದಲಿಸಿ. ವರ್ಡ್‌ಪ್ರೆಸ್‌ನ ಕಾನ್ಫಿಗ್ ಕಡತದಲ್ಲಿರುವ 8 ರಹಸ್ಯ ಕೀಲಿಗಳನ್ನೂ ಹೊಸದಾಗಿ ಹಾಕಿ. ಹಾಕಿದೊಡನೆ ಒಳಗಿರುವವರೆಲ್ಲ ಹೊರಬೀಳುತ್ತಾರೆ, ಕದ್ದ ಕುಕೀ (ಲಾಗಿನ್ ಗುರುತು) ಹಿಡಿದು ಕೂತವನೂ ಸೇರಿ. ಮೂಲ ತಂತ್ರಾಂಶ, ಪ್ಲಗಿನ್, ಥೀಮ್ ಮೂರನ್ನೂ ಅಧಿಕೃತ ಜಾಗದಿಂದ ಹೊಸದಾಗಿ ಇಳಿಸಿ ಹಾಕುವುದು ಒಂದೊಂದು ಸಾಲು ತಿದ್ದುವುದಕ್ಕಿಂತ ಲೇಸು. ಹಳೆಯ ಬ್ಯಾಕಪ್ ಮರಳಿ ಹಾಕುವವರು ಅದು ಕನ್ನ ಬೀಳುವ ಮುಂಚಿನದ್ದೇ ಎಂದು ಖಾತ್ರಿ ಮಾಡಿಕೊಳ್ಳಬೇಕು, ಅದರ ಪ್ಲಗಿನ್‌ಗಳನ್ನು ಕೂಡಲೇ ಅಪ್‌ಡೇಟ್ ಮಾಡಬೇಕು. ಹಳೆಯ ಬ್ಯಾಕಪ್ಪಿನಲ್ಲಿ ಹಳೆಯ ತೂತೂ ಇರುತ್ತದೆ.

ಚಿಕ್ಕಬಳ್ಳಾಪುರದಿಂದ:

ಕೋಲಾರದವರು ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆ. ‘ಇಂಜೆಕ್ಷನ್’ ಬಗ್ಗೆ ಬರೆಯುತ್ತೇನೆ, ಏಕೆಂದರೆ ಈ ಪದ ಓದಿದ ಯಾರಿಗಾದರೂ ಆಸ್ಪತ್ರೆಯೇ ನೆನಪಾಗುವುದು. ಇದಕ್ಕೆ ‘ತುರುಕು’ ಚೆನ್ನಾಗಿ ಹೊಂದುತ್ತದೆ. ಗೂಗಲ್ ಮೂರು ಬಗೆ ಹೇಳುತ್ತದೆ: ಸೈಟಿನಲ್ಲಿ ಇಲ್ಲದ ಹೊಸ ಪುಟ ತುರುಕುವುದು, ಇರುವ ಪುಟದೊಳಗೆ ಬರಹ ಅಥವಾ ಲಿಂಕ್ ತುರುಕುವುದು, ಕೋಡ್ ತುರುಕಿ ಬಂದವರನ್ನು ಬೇರೆ ಸೈಟಿಗೆ ಅಟ್ಟುವುದು. ಕನ್ನಡದಲ್ಲಿ ‘ಹೊಸ ಪುಟ’, ‘ಇದ್ದ ಪುಟ’, ‘ಅಟ್ಟುವ ಕೋಡ್’ ಅಂದರೆ ಎಲ್ಲಿ ಹುಡುಕಬೇಕು ಎಂಬುದು ಪದದಲ್ಲೇ ಬಂತು.

ಮೊದಲ ಬಗೆಗೆ ಜಪಾನಿ ಅಕ್ಷರಗಳ ಹಾವಳಿ ಒಳ್ಳೆಯ ಉದಾಹರಣೆ. ಶಿಡ್ಲಘಟ್ಟದ ರೇಷ್ಮೆಗೂಡು ವ್ಯಾಪಾರಿಯ ಸೈಟು ಅಂದುಕೊಳ್ಳಿ. ಗೂಗಲ್‌ನಲ್ಲಿ ‘ಸೈಟ್’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಸೈಟಿನ ವಿಳಾಸ ಟೈಪ್ ಮಾಡಿದರೆ, ಗೂಡಿನ ದರದ ಪುಟಗಳ ಜೊತೆಗೆ ಬ್ರಾಂಡ್ ಕೈಚೀಲ, ಗಡಿಯಾರ ಮಾರುವ ಜಪಾನಿ ಶೀರ್ಷಿಕೆಗಳು ಸಾಲುಗಟ್ಟುತ್ತವೆ. ಸೈಟಿನ ಮುಖಪುಟ ಮಾತ್ರ ಎಂದಿನಂತೆ ಇರುತ್ತದೆ.

ಮಾಲೀಕರು ‘ನಮಗೆ ಸರಿಯಾಗೇ ಕಾಣ್ತಿದೆಯಲ್ಲ’ ಅನ್ನುವುದು ಇದರಿಂದಲೇ. ತುರುಕಿದ ಕೋಡ್ ನೋಡುವವರು ಯಾರೆಂದು ವಿಚಾರಿಸಿಕೊಳ್ಳುತ್ತದೆ. ಗೂಗಲ್‌ನ ಬಾಟ್ (ಸೈಟುಗಳನ್ನು ಓದಿಕೊಂಡು ಹೋಗುವ ತಂತ್ರಾಂಶ) ಬಂದರೆ ಒಂದು ಪುಟ, ಗೂಗಲ್ ಫಲಿತಾಂಶದ ಮೇಲೆ ಒತ್ತಿ ಬಂದವರಿಗೆ ಇನ್ನೊಂದು, ವಿಳಾಸ ನೇರವಾಗಿ ಟೈಪ್ ಮಾಡಿದ ಮಾಲೀಕರಿಗೆ ಅಸಲಿ ಪುಟ. ‘ಕ್ಲೋಕಿಂಗ್’ ಎಂಬ ಈ ಆಟಕ್ಕೆ ‘ವೇಷ ಮರೆಸುವುದು’ ಸಾಕು. ಬಯಲು ಮಾಡಲು ಸರ್ಚ್ ಕನ್ಸೋಲ್‌ನ ‘ಯುಆರ್‌ಎಲ್ ಇನ್‌ಸ್ಪೆಕ್ಷನ್’ನಲ್ಲಿ ಅನುಮಾನದ ವಿಳಾಸ ಹಾಕಿ ‘ಟೆಸ್ಟ್ ಲೈವ್ ಯುಆರ್‌ಎಲ್’ ಒತ್ತಿದರೆ ಗೂಗಲ್‌ಗೆ ಸಿಕ್ಕ ಪುಟವೇ ಕಾಣುತ್ತದೆ. ಅಟ್ಟುವ ಸಾಲುಗಳು ಹೆಚ್ಚಾಗಿ ಸರ್ವರಿಗೆ ಸೂಚನೆ ಕೊಡುವ ‘ಎಚ್‌ಟಿಆಕ್ಸೆಸ್’ ಕಡತದಲ್ಲಿ ಸಿಗುತ್ತವೆ. ಚುಕ್ಕಿಯಿಂದ ಶುರುವಾಗುವ ಹೆಸರಾದ್ದರಿಂದ ಫೈಲ್ ಮ್ಯಾನೇಜರಿನಲ್ಲಿ ಅಡಗಿದ ಕಡತ ತೋರಿಸುವ ಆಯ್ಕೆ ಹಾಕದೆ ಅದು ಕಾಣಿಸದು. ಸಾಲುಗಳು ಪರದೆಯ ಬಲಕ್ಕೆ ಬಹಳ ದೂರ ಇರಬಹುದು, ಖಾಲಿ ಕಡತ ಎಂದು ಮುಚ್ಚಬೇಡಿ.

‘ಮಾಲ್‌ವೇರ್’ಗೆ ‘ಕುತಂತ್ರಾಂಶ’ ಬಳಕೆಯಲ್ಲಿದೆ, ಅದೇ ಇರಲಿ. ‘ಫಿಶಿಂಗ್’ಗೆ ‘ಮೋಸದ ಪುಟ’. ಇವೆರಡಕ್ಕೆ ಕ್ರೋಮ್‌ನಲ್ಲಿ ಇಡೀ ಪರದೆ ಕೆಂಪಾಗುತ್ತದೆ. ನೀವು ಬರೆಯುತ್ತಿರುವ ‘ಹ್ಯಾಕ್ಡ್’ ಸಾಲು ಹುಡುಕಾಟದ ಫಲಿತಾಂಶದಲ್ಲಿ ಮಾತ್ರ ಬರುತ್ತದೆ. ಇವನ್ನು ಬೇರೆಬೇರೆ ಹೆಸರಿನಿಂದಲೇ ಕರೆಯಬೇಕು, ಏಕೆಂದರೆ ಮರುತಪಾಸಣೆಗೆ ಹಿಡಿಯುವ ಹೊತ್ತು ಬೇರೆ. ಗೂಗಲ್ ಹೇಳುವ ಪ್ರಕಾರ ಮೋಸದ ಪುಟಕ್ಕೆ ಸುಮಾರು ಒಂದು ದಿನ, ಕುತಂತ್ರಾಂಶಕ್ಕೆ ಕೆಲವು ದಿನ, ಸ್ಪ್ಯಾಮ್ ತುರುಕಿದ ಹ್ಯಾಕಿಗೆ ಹಲವು ವಾರ. ಎಲ್ಲಕ್ಕೂ ‘ಹ್ಯಾಕ್’ ಅಂದರೆ ಪಕ್ಕದ ಅಂಗಡಿಯವರದು ಮರುದಿನವೇ ಸರಿಯಾಯಿತು, ನಮ್ಮದು ಯಾಕಿಲ್ಲ ಎಂದು ಮತ್ತೆಮತ್ತೆ ಅರ್ಜಿ ಹಾಕುತ್ತಾರೆ. ಉತ್ತರ ಬರುವವರೆಗೆ ಎರಡನೆಯ ಅರ್ಜಿ ಬೇಡ. ಎಚ್ಚರಿಕೆ ತೆಗೆಸಿಕೊಂಡು ಮತ್ತೆ ಬೇಕೆಂದೇ ಅದನ್ನೇ ಮಾಡುವ ಸೈಟುಗಳಿಗೆ 30 ದಿನ ಮರುತಪಾಸಣೆ ಕೇಳಲು ಬಿಡುವುದಿಲ್ಲ ಎಂಬ ನಿಯಮ ಅಪಾಯದ ಸೈಟುಗಳ ಬಗ್ಗೆ ಎಚ್ಚರಿಸುವ ಗೂಗಲ್‌ನ ಸೇವೆ ಸೇಫ್ ಬ್ರೌಸಿಂಗ್‌ನಲ್ಲಿ ಇದೆ, ಅದು ಕನ್ನ ಬಿದ್ದ ಸೈಟುಗಳಿಗಲ್ಲ. ಅರ್ಜಿಯಲ್ಲಿ ‘ಸರಿ ಮಾಡಿದ್ದೇವೆ, ದಯವಿಟ್ಟು ತೆಗೆಯಿರಿ’ ಎಂಬ ವಿನಂತಿ ಪ್ರಯೋಜನಕ್ಕೆ ಬರುವುದಿಲ್ಲ. ಏನು ತುರುಕಿದ್ದರು, ಯಾವ ಪ್ಲಗಿನ್ ತೂತಾಗಿತ್ತು, ಏನು ತೆಗೆದು ಏನು ಹಾಕಿದಿರಿ ಎಂದು ಬರೆಯಬೇಕು.

‘ರಿಮೂವಲ್ಸ್’ ಸಲಕರಣೆಗೆ ‘ಅಳಿಸುವುದು’ ಎಂದು ಬರೆಯಬೇಡಿ, ‘ತಾತ್ಕಾಲಿಕವಾಗಿ ಮರೆಮಾಡುವುದು’ ಅನ್ನಿ. ಅದು ಸುಮಾರು 6 ತಿಂಗಳು ಪುಟವನ್ನು ಫಲಿತಾಂಶದಲ್ಲಿ ತೋರಿಸುವುದಿಲ್ಲ, ಅಷ್ಟೇ. ತುರುಕಿದ ವಿಳಾಸಗಳು ಸರ್ವರಿನಿಂದ 404 (ಪುಟ ಸಿಗಲಿಲ್ಲ) ಅಥವಾ 410 (ಪುಟ ತೆಗೆದುಹಾಕಲಾಗಿದೆ) ಕೊಟ್ಟರೆ ಮಾತ್ರ ನಿಜವಾಗಿ ಹೋಗುತ್ತವೆ. ‘ಸೆಕ್ಯುರಿಟಿ ಇಶ್ಯೂಸ್’ನಲ್ಲಿ ಕಾಣುವ ವಿಳಾಸಗಳು ಮಾದರಿ ಮಾತ್ರ, ಅಷ್ಟನ್ನೇ ತೆಗೆದು ಮುಗಿಯಿತು ಅನ್ನಬಾರದು.

ಇನ್ನೊಂದು ಜೋಡಿ: ‘ವರದಿ’ ಮತ್ತು ‘ದೂರು’. 2022ರ ಏಪ್ರಿಲ್ 28ರ ನಿರ್ದೇಶನದಂತೆ ಕಂಪನಿಗಳು ಸೈಟಿಗೆ ಕನ್ನ ಬಿದ್ದದ್ದು ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ಕೊಡಬೇಕಾದದ್ದು ವರದಿ. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ಕೊಡುವುದು ದೂರು. ರೈತ ಉತ್ಪಾದಕ ಕಂಪನಿಗಳಿಗೆ ಬರೆಯುತ್ತಿರುವುದರಿಂದ ಎರಡೂ ಪದ ಸೂಚನೆಯಲ್ಲಿ ಇರಲಿ.

ತುಮಕೂರಿನಿಂದ:

ಇಬ್ಬರಿಗೂ ತುಂಬಾ ಧನ್ಯವಾದ. ಮೊದಲ ವಾಕ್ಯವನ್ನು ಹೀಗೆ ತಿದ್ದಿದ್ದೇವೆ:

‘ಗೂಗಲ್ ಫಲಿತಾಂಶದಲ್ಲಿ ನಿಮ್ಮ ಸೈಟ್ ಹ್ಯಾಕ್ ಆಗಿರಬಹುದು ಎಂಬ ಎಚ್ಚರಿಕೆ ಕಂಡರೆ, ಸರ್ವರಿನಲ್ಲಿರುವ ಸೈಟಿಗೆ ಕನ್ನ ಬಿದ್ದಿದೆ ಎಂದೇ ತಿಳಿಯಿರಿ. ತುರುಕಿದ್ದನ್ನು ತೆಗೆಯಿರಿ, ತೂತು ಮುಚ್ಚಿ, ಕಳ್ಳಕಿಂಡಿ ಹುಡುಕಿ, ಆಮೇಲೆ ಸರ್ಚ್ ಕನ್ಸೋಲ್‌ನಲ್ಲಿ ಮರುತಪಾಸಣೆ ಕೇಳಿ.’

ಸೈಟಿನಲ್ಲಿರುವ ಪುಟಗಳ ವಿಳಾಸಗಳನ್ನು ಗೂಗಲ್‌ಗೆ ತಿಳಿಸುವ ಕಡತ ‘ಸೈಟ್‌ಮ್ಯಾಪ್’ ಒಂದು ಬಾಕಿ ಇದೆ. ಕನ್ನ ಹಾಕಿದವರು ತಮ್ಮದೇ ಸೈಟ್‌ಮ್ಯಾಪ್ ಸಲ್ಲಿಸಿರುತ್ತಾರೆ, ಅದನ್ನೂ ನೋಡಿ ತೆಗೆಯಿರಿ ಎಂದು ಬರೆಯಬೇಕು. ‘ತಾಣನಕ್ಷೆ’ ಅಂದರೆ ಊರಿನ ಭೂಪಟ ಅಂದುಕೊಳ್ಳುತ್ತಾರೆ. ‘ಪುಟಪಟ್ಟಿ’ ಸಾಕೇ? ಅಚ್ಚಿಗೆ ಹೋಗುವ ಮುಂಚೆ ತಿಳಿಸಿ.