ಕಪ್ಪು ತೊಡುವವರಿಗೆ ಕಲಬುರಗಿ, ಬೀದರಿನ ಗೋರಿಗಳು: ಎರಡು ದಿನ ಸಾಕಾಗುತ್ತದೆಯೇ?

ಕಾಡಿಗೆ ಡಬ್ಬಿ (ಪ್ರಶ್ನೆ):

ಹುಟ್ಟಿದ್ದು ಕಲಬುರಗಿಯಲ್ಲಿ, ಹೊಟ್ಟೆಪಾಡು ಬೆಂಗಳೂರಿನಲ್ಲಿ. ಕಾಲೇಜಿನ ಎರಡನೆಯ ವರ್ಷದಿಂದ ಕಪ್ಪು ಬಿಟ್ಟು ಬೇರೆ ಬಣ್ಣ ತೊಟ್ಟವಳಲ್ಲ. ಅಕ್ಕನ ಮದುವೆಯ ದಿನ ಮಾತ್ರ ಅವ್ವನ ಕಣ್ಣೀರಿಗೆ ಸೋತು ಹಸಿರು ಇಳಕಲ್ ಸೀರೆ ಉಟ್ಟಿದ್ದೆ. ಆ ಫೋಟೊ ಇನ್ನೂ ನಮ್ಮ ಪಡಸಾಲೆಯಲ್ಲಿ ಗೆದ್ದವರ ಬಾವುಟದಂತೆ ತೂಗುತ್ತಿದೆ.

ಗೋಥ್ ಎಂದರೆ ಯಾರು ಎಂದು ಕೇಳುವವರಿಗೆ: 1980ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಪಂಕ್ ಸಂಗೀತದ ಬೆನ್ನಿಗೆ ಹುಟ್ಟಿದ ಬಳಗ. ಕಪ್ಪು ಬಟ್ಟೆ, ದಟ್ಟ ಕಾಡಿಗೆ, ಬೆಳ್ಳಿಯ ಒಡವೆ, ಮಂದ್ರದ ಹಾಡು, ಪಾಳುಬಿದ್ದ ಕಟ್ಟಡಗಳ ಮೇಲೆ ಮೋಹ. ಮಾಟ ಮಾಡುವುದಿಲ್ಲ, ನಿಂಬೆಹಣ್ಣು ಕೊಯ್ಯುವುದಿಲ್ಲ. ಬೇರೆಯವರು ರಜೆ ಸಿಕ್ಕರೆ ಸಮುದ್ರಕ್ಕೆ ಹೋಗುತ್ತಾರೆ, ನಮ್ಮವರು ಹಳೆಯ ಸಮಾಧಿಗಳಿಗೆ ಹೋಗುತ್ತಾರೆ. ಲಂಡನ್ನಿನ ಹೈಗೇಟ್, ಪ್ಯಾರಿಸ್ಸಿನ ಪೇರ್ ಲಾಶೇಸ್, ನಮ್ಮದೇ ಕೋಲ್ಕತ್ತದಲ್ಲಿ 1767ರಲ್ಲಿ ಶುರುವಾದ ಸೌತ್ ಪಾರ್ಕ್ ಸ್ಟ್ರೀಟ್ ಸಮಾಧಿ ಭೂಮಿ.

ಈ ಜನವರಿಯಲ್ಲಿ ಪುಣೆಯಿಂದ ಒಬ್ಬಳು, ಕೊಚ್ಚಿಯಿಂದ ಒಬ್ಬಳು ಗೆಳತಿ ಬರುತ್ತಿದ್ದಾರೆ. "ನಿನ್ನ ಊರಿನಲ್ಲಿ ಏನಿದೆ?" ಎಂದರು. "ಒಂದು ರಾಜವಂಶವೇ ಸಾಲಾಗಿ ಮಲಗಿದೆ, ಬನ್ನಿ" ಎಂದು ಬಡಾಯಿ ಕೊಚ್ಚಿದೆ. ನಿಜ ಹೇಳಬೇಕೆಂದರೆ ನಾನು ಹಫ್ತ್ ಗುಂಬಜ್, ಅಂದರೆ ಕಲಬುರಗಿಯ ಬಹಮನಿ ಸುಲ್ತಾನರ ಗೋರಿಗಳ ಗುಮ್ಮಟಗಳನ್ನು, ನೋಡಿದ್ದು ಆರನೆಯ ತರಗತಿಯಲ್ಲಿ, ಅಲ್ಲಿ ಕುಳಿತು ಚಪಾತಿ, ಶೇಂಗಾ ಹಿಂಡಿ ತಿಂದದ್ದಷ್ಟೇ ನೆನಪು.

ಹಾಗಾಗಿ ಬಲ್ಲವರು ಹೇಳಿ. ಎರಡು ದಿನದಲ್ಲಿ ಎಲ್ಲೆಲ್ಲಿ ಹೋಗಬಹುದು? ಕಪ್ಪು ಲಿಪ್‌ಸ್ಟಿಕ್, ಕಪ್ಪು ಕೊಡೆ ಹಿಡಿದ ಮೂರು ಹುಡುಗಿಯರನ್ನು ಜನ ಓಡಿಸುತ್ತಾರೆಯೇ?

ಅವ್ವನದು ಬೇರೆಯೇ ಗೋಳು. "ಗೋರಿ ನೋಡಲು ರಜೆ ಹಾಕುವ ಹುಡುಗಿಗೆ ಗಂಡು ಎಲ್ಲಿಂದ ತರಲಿ?" ಎನ್ನುತ್ತಾಳೆ. ಅವಳು ಪ್ರತಿ ಸೋಮವಾರ ತಪ್ಪದೆ ಶರಣಬಸವೇಶ್ವರರ ಗುಡಿಗೆ ಹೋಗುತ್ತಾಳೆ. ಗರ್ಭಗುಡಿಯಲ್ಲಿ ಇರುವುದು ಶರಣರ ಸಮಾಧಿಯೇ ಅಲ್ಲವೇನವ್ವಾ ಎಂದೆ. ಎರಡು ದಿನ ಮಾತಿಲ್ಲ.

—

ಬಿಸಿಲೂರು:

ಜನವರಿ ಎಂದಿರಲ್ಲ, ಬದುಕಿದಿರಿ. ಏಪ್ರಿಲ್‌ನಲ್ಲಿ ಮೈತುಂಬ ಕಪ್ಪು ತೊಟ್ಟು ಕಲಬುರಗಿಯಲ್ಲಿ ಗೋರಿ ಸುತ್ತಿದರೆ, ಸಂಜೆಯೊಳಗೆ ನಿಮಗೂ ಅಲ್ಲೇ ಒಂದು ಜಾಗ ನೋಡಬೇಕಾಗುತ್ತದೆ.

—

ಬಿದರಿ ಕಾಕಾ:

ತಂಗಿ, ಮೊದಲು ಒಂದು ಜಗಳ ಮುಗಿಸುತ್ತೇನೆ. ಬಹಮನಿ ಗೋರಿಗಳಿರುವ ಅಷ್ಟೂರಿನಲ್ಲಿ ರಾತ್ರಿ ದೆವ್ವ ಕೂಗುತ್ತದೆ ಎಂದು ವಿಡಿಯೊ ಮಾಡಿ ಹಾಕುವವರು ಇದ್ದಾರೆ. ಮೂವತ್ತು ವರ್ಷದಿಂದ ಬೀದರಿನಲ್ಲಿ ಬಿದರಿ ಕೆಲಸ ಮಾಡುತ್ತಿದ್ದೇನೆ, ಆ ದಾರಿಯಲ್ಲಿ ಎಷ್ಟೋ ರಾತ್ರಿ ಸೈಕಲ್ ತುಳಿದಿದ್ದೇನೆ. ಕೂಗುವುದು ಗೂಬೆ. ನೀವು ಅಂಥ ವಿಡಿಯೊದವರಾದರೆ ಮುಂದೆ ಓದಬೇಡಿ.

ಅಲ್ಲವಾದರೆ ಕೇಳಿ. ಅಷ್ಟೂರು ಬೀದರಿನಿಂದ ಪೂರ್ವಕ್ಕೆ ಮೂರು ನಾಲ್ಕು ಕಿಲೋಮೀಟರ್, ಆಟೊ ಸಾಕು. ದಾರಿಯಲ್ಲೇ ದಿಬ್ಬದ ಮೇಲೆ ಚೌಖಂಡಿ ಸಿಗುತ್ತದೆ, ಸೂಫಿ ಸಂತ ಖಲೀಲುಲ್ಲಾ ಅವರ ಸಮಾಧಿ. ಎಂಟು ಮೂಲೆಯ ಹೊರಗೋಡೆ ಎರಡಂತಸ್ತು ಎದ್ದು ನಿಂತಿದೆ, ಮೇಲೆ ಛಾವಣಿಯೇ ಇಲ್ಲ. ಒಳಗೆ ಇನ್ನೊಂದು ಕಟ್ಟಡ. ಕಪ್ಪು ಕಲ್ಲಿನಲ್ಲಿ ಬಳ್ಳಿಯಂತೆ ಹೆಣೆದ ಅಕ್ಷರ ಕೆತ್ತಿದ್ದಾರೆ. ಕೆತ್ತನೆ ಕೆಲಸದವನಾದ ನಾನು ಆ ಅಕ್ಷರದ ಮುಂದೆ ನಿಂತರೆ ಉಳಿ ಕೆಳಗಿಡಬೇಕು ಎನಿಸುತ್ತದೆ.

ಮುಂದೆ ಹೋದರೆ ಹೊಲಗಳ ಅಂಚಿನಲ್ಲಿ ಗುಮ್ಮಟಗಳ ಸಾಲು. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹಮದ್ ಶಾ ವಲಿ 1436ರಲ್ಲಿ ತೀರಿಕೊಂಡ, ಅವನದನ್ನು ತಪ್ಪಿಸಬೇಡಿ. ಹೊರಗಿನಿಂದ ಬೋಳು ಗೋಡೆ. ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಕಣ್ಣಿಗೆ ಏನೂ ಹತ್ತುವುದಿಲ್ಲ, ಬಾವಲಿಯ ವಾಸನೆ, ಊದಿನ ವಾಸನೆ, ಅಷ್ಟೇ. ನಾನು ಹೋದಾಗ ಕಾವಲಿನ ಮುದುಕ ಬಾಗಿಲ ಹೊರಗೆ ನಿಂತು ಕೈಗನ್ನಡಿಯಲ್ಲಿ ಬಿಸಿಲು ಹಿಡಿದು ಒಳಗೆ ಎಸೆದ. ಆ ಬೆಳಕಿನ ಬಿಲ್ಲೆ ಗೋಡೆಯ ಮೇಲೆ ಹರಿದಾಡಿದಲ್ಲೆಲ್ಲ ಕುಂಕುಮದ ಕೆಂಪು, ನೀಲಿ, ಚಿನ್ನದ ಅಕ್ಷರ ಎದ್ದು ಬರುವುದು, ಬೆಳಕು ಮುಂದೆ ಹೋದರೆ ಮತ್ತೆ ಮುಳುಗುವುದು. ಟಾರ್ಚ್ ಹಾಕಿ ನೋಡಿದರೆ ಆ ರುಚಿ ಇಲ್ಲ.

ಹಾಗೆಂದು ಅದು ಬರೀ ಗೋರಿಯಲ್ಲ. ಹೋಳಿ ಕಳೆದ ಮೇಲೆ ಅಲ್ಲಿ ಉರುಸು ನಡೆಯುತ್ತದೆ. ಮಾಡಿಯಾಳದ ಜಂಗಮರು ಜನರನ್ನು ಕರೆದುಕೊಂಡು ಬಂದು ಶಂಖ ಊದುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ. ಮುಸ್ಲಿಮರಿಗೆ ವಲಿ, ಲಿಂಗಾಯತರಿಗೆ ಅಲ್ಲಮಪ್ರಭು. ನಿಮ್ಮ ಅವ್ವನಿಗೆ ಇದನ್ನು ಓದಿ ಹೇಳಿ.

ಪಕ್ಕದಲ್ಲೇ ಬಹಮನಿ ಸುಲ್ತಾನ ಹುಮಾಯೂನನದು. ಆಳಿದ್ದು 1458ರಿಂದ 1461ರವರೆಗೆ ಮೂರೇ ವರ್ಷ, ಗಳಿಸಿದ ಹೆಸರು 'ಜಾಲಿಮ್', ಅಂದರೆ ಕ್ರೂರಿ. ಅವನ ಗುಮ್ಮಟ ಸಿಡಿಲು ಬಡಿದು ಸೀಳಿದೆ, ಅರ್ಧ ಬಿದ್ದುಹೋಗಿದೆ. ಭೂಮಿ ಹೊತ್ತುಕೊಂಡರೂ ಆಕಾಶ ಒಪ್ಪಲಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಿಮ್ಮ ಗೆಳತಿಯರು ಫೋಟೊಗೆ ಅಲ್ಲೇ ಸಾಯುತ್ತಾರೆ, ಬರೆದಿಟ್ಟುಕೊಳ್ಳಿ. ಗುಮ್ಮಟದ ಗೋಡೆ ಎಷ್ಟು ದಪ್ಪ, ಒಳಗೆ ಹೇಗೆ ಕಟ್ಟಿದ್ದಾರೆ ಎಂಬುದೆಲ್ಲ ಕೊಯ್ದ ಕಲ್ಲಂಗಡಿಯಂತೆ ಕಾಣುತ್ತದೆ.

ಊರಿನ ಪಶ್ಚಿಮಕ್ಕೆ, ಬಹಮನಿಗಳ ನಂತರ ಬೀದರನ್ನು ಆಳಿದ ಬರೀದ್ ಶಾಹಿಗಳ ಗೋರಿಗಳು, ಸುತ್ತ ಉದ್ಯಾನ. ಅಲಿ ಬರೀದನದು ನಾಲ್ಕೂ ಕಡೆ ತೆರೆದ ಕಮಾನು, ಗಾಳಿ ಇತ್ತಿಂದತ್ತ ಹಾಯುತ್ತದೆ. ಬದುಕಿದ್ದಾಗಲೇ ಕಟ್ಟಿಸಿ, 1580ರಲ್ಲಿ ಅದರೊಳಗೆ ಮಲಗಿದ. ನಡುವೆ ನುಣ್ಣಗೆ ಉಜ್ಜಿದ ಕಪ್ಪು ಕಲ್ಲಿನ ಗೋರಿ, ಮೇಲೆ ಗೋಡೆಯಲ್ಲಿ ಬಣ್ಣದ ಹೆಂಚುಗಳ ಮೇಲೆ ಪಾರಸಿ ಪದ್ಯ. ಬೆಳಿಗ್ಗೆ ಹೋದರೆ ನಿವೃತ್ತರು ಸ್ವೆಟರ್ ತೊಟ್ಟು ಸುತ್ತ ವಾಕಿಂಗ್ ಮಾಡುತ್ತಿರುತ್ತಾರೆ. ನಿಮ್ಮನ್ನು ನೋಡಿ ಒಂದು ಸುತ್ತು ಹೆಚ್ಚು ಹಾಕಿಯಾರು, ಓಡಿಸಲಾರರು.

ಮಹಮೂದ್ ಗವಾನನನ್ನೂ ನೋಡಿ ಹೋಗಿ. ಬೀದರಿನಲ್ಲಿ ಮದರಸಾ ಕಟ್ಟಿಸಿದ ಮಂತ್ರಿ. ಶತ್ರುಗಳು ಅವನ ಮುದ್ರೆ ಒತ್ತಿದ ಸುಳ್ಳು ಪತ್ರ ಹುಟ್ಟಿಸಿದರು, ಸುಲ್ತಾನ ಕುಡಿದ ಅಮಲಿನಲ್ಲಿ 1481ರಲ್ಲಿ ತಲೆ ತೆಗೆಸಿದ, ಆಮೇಲೆ ಮರುಗಿ ಮರುವರ್ಷ ತಾನೂ ಸತ್ತ. ಸುಲ್ತಾನನಿಗೆ ಅಷ್ಟೂರಿನಲ್ಲಿ ಸಾಲಿನೊಳಗೆ ಜಾಗ, ಮಂತ್ರಿಗೆ ಊರಾಚೆ ಗೊರನಳ್ಳಿಯ ಬಳಿ ಬಯಲು ಕಟ್ಟೆ.

ಇನ್ನು ಒಡವೆಯ ಮಾತು. ಕಪ್ಪಿನ ಮೇಲೆ ಬೆಳ್ಳಿ ಬೇಕೆಂದು ಪರದೇಶದಿಂದ ತರಿಸಿಕೊಳ್ಳುತ್ತೀರಂತೆ. ನಮ್ಮದು ಮತ್ತೇನು? ಸತುವಿಗೆ ಚೂರು ತಾಮ್ರ ಕೂಡಿಸಿ ಎರಕ ಹೊಯ್ಯುತ್ತೇವೆ. ಮೈಲುತುತ್ತ ಬಳಿದು ಗೆರೆ ಕಾಣುವಂತೆ ಮಾಡಿ, ಉಳಿಯಿಂದ ಕೆತ್ತಿ, ಕೆತ್ತಿದ ಗೆರೆಯೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತೇವೆ. ಆಗಿನ್ನೂ ಅದು ಬೂದಿ ಬಣ್ಣ, ಬೆಳ್ಳಿ ಎಲ್ಲಿ, ಸತು ಎಲ್ಲಿ ಗೊತ್ತಾಗುವುದಿಲ್ಲ. ಕೊನೆಗೆ ಬಿಸಿ ಮಾಡಿ, ನವಸಾಗರ ಬೆರೆಸಿದ ಕೋಟೆಯ ಮಣ್ಣು ತಿಕ್ಕುತ್ತೇವೆ. ಮಳೆ ಬಿಸಿಲು ಕಾಣದ ಮೂಲೆಯ ಮಣ್ಣೇ ಆಗಬೇಕು, ನನ್ನ ಗುರುಗಳು ನಾಲಗೆಗೆ ಹಚ್ಚಿ ನೋಡಿ ಆರಿಸುತ್ತಿದ್ದರು. ಕಣ್ಣು ಮಿಟುಕಿಸುವುದರೊಳಗೆ ಸತು ಇದ್ದಿಲಿನಂತೆ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಬೀದರಿನ ನೆಲ ಕೆಂಪು, ನಮ್ಮ ಕೈಯಿಂದ ಹೊರಡುವುದು ಕಪ್ಪು. ಬರುವಾಗ ಅಂಗಡಿಗೆ ಬನ್ನಿ, ಕೊಳ್ಳಲೇಬೇಕೆಂದಿಲ್ಲ.

—

ಗೋಗಿಯವನು:

ಕಾಕಾ ಯಾದಗಿರಿ ಜಿಲ್ಲೆಯನ್ನು ಮರೆತರು, ಯಾವಾಗಲೂ ಹೀಗೆಯೇ. ವಿಜಯಪುರದ ಗೋಳಗುಮ್ಮಟಕ್ಕೆ ಲೋಕವೇ ಹೋಗುತ್ತದೆ. ಅದನ್ನು ಕಟ್ಟಿಸಿದ ಆದಿಲ್ ಶಾಹಿ ವಂಶದ ಮೂಲಪುರುಷ ಯೂಸುಫ್ ಆದಿಲ್ ಶಾ 1510ರಲ್ಲಿ ಸತ್ತು ಮಲಗಿರುವುದು ಶಹಾಪುರದ ಹತ್ತಿರ ನಮ್ಮ ಗೋಗಿಯಲ್ಲಿ, ಚಂದಾ ಹುಸೇನಿಯವರ ದರ್ಗಾದಲ್ಲಿ. ಮಗ ಇಸ್ಮಾಯಿಲ್, ಮೊಮ್ಮಕ್ಕಳು ಮಲ್ಲು, ಇಬ್ರಾಹಿಂ ಕೂಡ ಅಲ್ಲಿಯೇ. ಗುರುವಿನ ನೆರಳಿನಲ್ಲಿ ಮಲಗಿದ ಅರಸರಿಗೆ ಆಡಂಬರವೇ ಇಲ್ಲ.

ಆದರೆ ಒಂದು ಮಾತು ಖಾರವಾಗಿಯೇ ಹೇಳುತ್ತೇನೆ. ಹಫ್ತ್ ಗುಂಬಜ್ ಬೇರೆ, ದರ್ಗಾ ಬೇರೆ. ಗೋಗಿಯಲ್ಲಾಗಲಿ ಕಲಬುರಗಿಯ ಖಾಜಾ ಬಂದೇನವಾಜರ ದರ್ಗಾದಲ್ಲಾಗಲಿ ಜನ ಕಷ್ಟ ಹೇಳಿಕೊಳ್ಳಲು ಬರುತ್ತಾರೆ, ಸಕ್ಕರೆ ಓದಿಸುತ್ತಾರೆ, ಗಲೀಫು ಹೊದಿಸುತ್ತಾರೆ. ಅಲ್ಲಿ ಚಪ್ಪಲಿ ಹೊರಗೆ, ತಲೆಯ ಮೇಲೆ ಬಟ್ಟೆ, ಮೊಬೈಲ್ ಚೀಲದೊಳಗೆ. ಅನೇಕ ದರ್ಗಾಗಳಲ್ಲಿ ಹೆಂಗಸರನ್ನು ಗೋರಿಯ ಕೋಣೆಯೊಳಗೆ ಬಿಡುವುದಿಲ್ಲ, ದರ್ಗಾ ನೋಡಿಕೊಳ್ಳುವ ಮುಜಾವರರ ಜೊತೆ ವಾದಕ್ಕೆ ಇಳಿಯಬೇಡಿ. ಕಪ್ಪು ಬಟ್ಟೆಗೆ ಯಾರೂ ಏನೂ ಅನ್ನುವುದಿಲ್ಲ. ಬುರ್ಖಾ ತೊಟ್ಟ ನೂರು ಹೆಂಗಸರ ನಡುವೆ ನೀವು ಮೂವರು ಕಾಣುವುದೂ ಇಲ್ಲ.

—

ಸೇಡಂ ಟು ಲಂಡನ್:

ಐದು ವರ್ಷ ಲಂಡನ್ನಿನಲ್ಲಿದ್ದೆ, ಈಗ ಊರಿಗೆ ವಾಪಸ್. ಹೈಗೇಟ್‌ಗೆ ಒಮ್ಮೆ ಹೋಗಿದ್ದೆ, ಕಾರ್ಲ್ ಮಾರ್ಕ್ಸ್ ಇದ್ದಾನೆ ಎಂದು. ಟಿಕೆಟ್ ಕೊಂಡು ಸ್ಮಶಾನದೊಳಗೆ ಹೋದದ್ದು ಜೀವನದಲ್ಲಿ ಅದೇ ಮೊದಲು, ನಮ್ಮಪ್ಪನಿಗೆ ಹೇಳಿದರೆ ನಂಬಲಿಲ್ಲ. 1839ರಲ್ಲಿ ಲಾಭಕ್ಕೆಂದು ತೆರೆದ ಸ್ಮಶಾನ ಅದು. ಜಾಗ ತುಂಬಿತು, ದುಡ್ಡು ನಿಂತಿತು, ಕಾಡು ಬೆಳೆಯಿತು. 1975ರಲ್ಲಿ ಸುತ್ತಲಿನ ಜನರೇ ಸಂಘ ಕಟ್ಟಿಕೊಂಡು ಉಳಿಸಿದರು, ಟಿಕೆಟ್ ಹಣ ಹೋಗುವುದು ಅದಕ್ಕೇ.

ನಿಮ್ಮ ಕಪ್ಪು ಲಿಪ್‌ಸ್ಟಿಕ್ ವಿಷಯ ಓದಿ ನೆನಪಾಯಿತು. ಪ್ಯಾರಿಸ್ಸಿನಲ್ಲಿ ಸಾಹಿತಿ ಆಸ್ಕರ್ ವೈಲ್ಡ್‌ನ ಗೋರಿಗೆ ಬಂದವರೆಲ್ಲ ಬಣ್ಣದ ತುಟಿಯಿಂದ ಮುತ್ತಿಟ್ಟು ಇಟ್ಟು ಆ ಜಿಡ್ಡು ಕಲ್ಲಿನೊಳಗೆ ಇಳಿಯಿತು. ಉಜ್ಜಿದಷ್ಟೂ ಕಲ್ಲು ಸವೆಯಿತು. 2011ರಲ್ಲಿ ಗಾಜಿನ ಗೋಡೆ ಕಟ್ಟಿದರು. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಒಂದು ಹಳೆಯ ಸಮಾಧಿ ಭೂಮಿಗೆ 2015ರಿಂದ ಗೈಡ್ ಇಲ್ಲದೆ ಬಿಡುವುದೇ ಇಲ್ಲ, ಅಷ್ಟು ಹಾಳು ಮಾಡಿದ್ದರು. ನಮ್ಮಲ್ಲಿ ಮುತ್ತು ಕೊಡುವವರಿಲ್ಲ, ಬಾಣ ಚುಚ್ಚಿದ ಹೃದಯ ಕೆತ್ತುವವರು ಇದ್ದಾರೆ. ಹಫ್ತ್ ಗುಂಬಜ್‌ನ ಗೋಡೆಗಳಲ್ಲಿ ಸುಲ್ತಾನರ ಹೆಸರಿಗಿಂತ ಕಾಲೇಜು ಹುಡುಗರ ಹೆಸರೇ ಜಾಸ್ತಿ.

—

ಕಾಡಿಗೆ ಡಬ್ಬಿ:

ಹೋಗಿಬಂದೆವು. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಕಾಕಾ ಹೇಳಿದ್ದು ನಿಜ, ಕೊಚ್ಚಿಯವಳು ಹುಮಾಯೂನನ ಸೀಳಿದ ಗುಮ್ಮಟದ ಮುಂದೆ ಒಂದೂವರೆ ಗಂಟೆ ಕುಳಿತಳು. ವಲಿಯ ಗುಮ್ಮಟದಲ್ಲಿ ಕನ್ನಡಿಯ ಮುದುಕ ಇರಲಿಲ್ಲ. ಪುಣೆಯವಳ ಪೌಡರ್ ಡಬ್ಬಿಯ ಕನ್ನಡಿಯಿಂದ ನಾವೇ ಬಿಸಿಲು ಎಸೆದೆವು. ಬೆಳಕಿನ ಬಿಲ್ಲೆ ರೂಪಾಯಿಯಷ್ಟೇ ಇತ್ತು, ಆದರೂ ಒಂದು ಚಿನ್ನದ ಅಕ್ಷರದ ಬಾಲ ಸಿಕ್ಕಿತು. ಗೋಗಿಗೆ ಹೋಗಲಾಗಲಿಲ್ಲ, ಬೈಯಬೇಡಿ.

ಕಲಬುರಗಿಯ ಕಥೆ ಬೇರೆ. ಹಫ್ತ್ ಗುಂಬಜ್‌ಗೆ ಹೊರಟಾಗ ಅವ್ವ "ಮೂರು ಹುಡುಗಿಯರನ್ನೇ ಕಳಿಸುವುದಿಲ್ಲ" ಎಂದು ತಾನೂ ಆಟೊ ಹತ್ತಿದಳು. ಹಳದಿ ಸೀರೆ, ಮುಡಿಯಲ್ಲಿ ಒಂದು ಮೊಳ ಮಲ್ಲಿಗೆ. ನಾವು ಮೂವರು ಕಾಗೆಗಳು ಹಿಂದೆ.

ಫಿರೋಜ್ ಶಾನ ಗುಮ್ಮಟ ಎಲ್ಲಕ್ಕಿಂತ ದೊಡ್ಡದು, ಎರಡು ಗುಮ್ಮಟ ಜೋಡಿಸಿ ಕಟ್ಟಿದ್ದು. ಅವನಿಗೂ ಖಾಜಾ ಬಂದೇನವಾಜರಿಗೂ ಮನಸ್ತಾಪವಾಗಿತ್ತು. 1422ರಲ್ಲಿ ಇಬ್ಬರೂ ತೀರಿಕೊಂಡರು, ಇಬ್ಬರೂ ಒಂದೇ ಊರಿನಲ್ಲಿ ಮಲಗಿದ್ದಾರೆ. ಒಬ್ಬರ ಬಳಿ ಹೂವಿನ ಅಂಗಡಿಗಳ ಸಾಲು, ಇನ್ನೊಬ್ಬನ ಬಳಿ ಪಾರಿವಾಳದ ಹಿಕ್ಕೆ. ಇದನ್ನು ಹೇಳಿದಾಗ ಅವ್ವ ಸುಮ್ಮನೆ "ಹೂಂ" ಎಂದಳು.

ಮುಜಾಹಿದನದು, ದಾವೂದನದು ಎನ್ನುವ ಗುಮ್ಮಟಗಳ ಬಳಿ ಬಂದಾಗ ಕಥೆ ಹೇಳುವ ಸರದಿ ನನ್ನದು. 1378ರಲ್ಲಿ ಮುಜಾಹಿದ್ ಶಾ ವಿಜಯನಗರದ ಯುದ್ಧದಿಂದ ಮರಳುವ ದಾರಿಯಲ್ಲಿ ಚಿಕ್ಕಪ್ಪ ದಾವೂದ್ ಅವನನ್ನು ಕೊಲ್ಲಿಸಿ ಪಟ್ಟಕ್ಕೆ ಏರಿದ. ತಿಂಗಳು ಕಳೆಯುವಷ್ಟರಲ್ಲಿ ಮುಜಾಹಿದನ ಅಕ್ಕತಂಗಿಯರಲ್ಲೊಬ್ಬಳು ಆಳು ಬಿಟ್ಟು, ನಮಾಜಿನಲ್ಲಿದ್ದ ದಾವೂದನನ್ನು ಕೊಲ್ಲಿಸಿದಳು. ಗೆಳತಿಯರಿಗೆ ಮೈ ಜುಮ್ಮೆಂದಿತು. ಅವ್ವ ಒಳಗೆ ಇಣುಕಿ, ಧೂಳು ಹಿಡಿದ ಗೋರಿಯನ್ನು ಬಹಳ ಹೊತ್ತು ನೋಡಿದಳು.

"ಇವನಿಗೆ ದೀಪ ಹಚ್ಚುವವರು ಯಾರೂ ಇಲ್ಲವೇನೇ?"

"ಇಲ್ಲವ್ವಾ."

"ಇವನು ಕೊಂದವನೋ, ಕೊಲೆಯಾದವನೋ?"

"ಎರಡೂ."

ಮುಡಿಯಿಂದ ಮಲ್ಲಿಗೆ ತೆಗೆದು, ಹಲ್ಲಿನಿಂದ ನೂಲು ಕಡಿದು ಎರಡು ತುಂಡು ಮಾಡಿದಳು. "ಹಾಗಾದರೆ ಅರ್ಧ ಮೊಳ ಸಾಕು" ಎಂದು ಒಂದನ್ನು ಗೋರಿಯ ಮೇಲಿಟ್ಟು, ಇನ್ನೊಂದನ್ನು ಮತ್ತೆ ಮುಡಿದುಕೊಂಡು ಆಟೊ ಕಡೆ ನಡೆದಳು.

ಕಾಕಾ, ನಿಮ್ಮಲ್ಲಿ ಕೊಂಡ ಓಲೆಗಳನ್ನು ಅವ್ವ ಹುಣಸೆಹಣ್ಣು ಹಚ್ಚಿ ತೊಳೆಯಲು ಹೊರಟಿದ್ದಳು, ಕಸಿದುಕೊಂಡೆ. ಕಪ್ಪು ಮಸುಕಾದರೆ ಏನು ಮಾಡಬೇಕು?

—

ಬಿದರಿ ಕಾಕಾ:

ಹುಣಸೆಹಣ್ಣು ಮುಟ್ಟಿಸಲೇಬೇಡಿ. ಒಂದು ತೊಟ್ಟು ಕೊಬ್ಬರಿ ಎಣ್ಣೆ, ಹಳೆಯ ಹತ್ತಿ ಬಟ್ಟೆ, ಮೆಲ್ಲಗೆ ಒರೆಸಿ. ಅವ್ವನಿಗೂ ಒಂದು ಜೊತೆ ಮಾಡಿಕೊಡುತ್ತೇನೆ, ಮಲ್ಲಿಗೆ ಬಳ್ಳಿಯ ಕೆತ್ತನೆ ಆಗಬಹುದೇ ಎಂದು ಕೇಳಿ ತಿಳಿಸಿ.