ಪದಚರ್ಚೆ: ಕಬ್ಬಾಳದ ಕಲ್ಲು ‘ಕರಗಿತು’ ಅನ್ನಬಹುದಾ, ‘ಬೆಂದಿತು’ ಅನ್ನಬೇಕಾ?

ಬಳಗದ ಎಲ್ಲರಿಗೂ ನಮಸ್ಕಾರ.

ಕನಕಪುರದ ಹತ್ತಿರದ ಕಬ್ಬಾಳದುರ್ಗ ಹತ್ತಲು ಹೋಗುವವರಿಗಾಗಿ ಅಲ್ಲಿನ ಕಲ್ಲಿನ ಬಗ್ಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಎರಡು ಕಡೆ ಪದ ಸಿಗದೆ ನಿಂತಿದ್ದೇನೆ. ಒಂದು, ‘ಕರಗು’ ಎಂಬ ಕ್ರಿಯಾಪದ. ಇನ್ನೊಂದು, ‘ಫ್ಲೂಯಿಡ್’ (ದ್ರವವೋ ಅನಿಲವೋ, ಹರಿಯುವಂಥದ್ದು) ಎಂಬುದಕ್ಕೆ ಕನ್ನಡ.

ಮೊದಲು ‘ಕರಗು’. ನಮ್ಮಲ್ಲಿ ಬೆಣ್ಣೆಯೂ ಕರಗುತ್ತದೆ, ಉಪ್ಪೂ ಕರಗುತ್ತದೆ. ಬೆಣ್ಣೆಗೆ ಬಿಸಿ ಸಾಕು, ಉಪ್ಪಿಗೆ ನೀರು ಬೇಕು. ದಿನದ ಮಾತಿಗೆ ಇದರಿಂದ ತೊಂದರೆ ಏನಿಲ್ಲ. ರೂಪಾಂತರ ಶಿಲೆಯ ವಿಷಯ ಬಂದಾಗ ಮಾತ್ರ ಎಡವಟ್ಟಾಗುತ್ತದೆ. ‘ನೆಲದಾಳದ ಶಾಖಕ್ಕೆ ಕಲ್ಲು ಕರಗಿ ಬೇರೆ ಕಲ್ಲಾಯಿತು’ ಎಂದು ಬರೆದರೆ ಓದುವವರು ಲಾವಾರಸವನ್ನೇ ಕಣ್ಣ ಮುಂದೆ ತಂದುಕೊಳ್ಳುತ್ತಾರೆ. ಪೂರ್ತಿ ಕರಗಿ ಮತ್ತೆ ಗಟ್ಟಿಯಾದರೆ ಅದು ಅಗ್ನಿಶಿಲೆ. ರೂಪಾಂತರ ಶಿಲೆ ಹಾಗಲ್ಲ, ಅದು ಗಟ್ಟಿಯಾಗಿದ್ದುಕೊಂಡೇ ಬದಲಾಗುತ್ತದೆ. ಆದರೆ ಹರಳುಗಳ ಅಂಚಿನಲ್ಲಿ ಬಿಸಿ ನೀರೋ ಇನ್ನೊಂದೋ ನುಸುಳಿದಾಗ, ಉಪ್ಪು ಕರಗಿದ ಹಾಗೆ ಅಂಚಿನಷ್ಟು ಕರಗುತ್ತದೆ. ಕರಗಿದ್ದು ಪಕ್ಕದಲ್ಲೇ ಹೊಸ ಖನಿಜವಾಗಿ ಬೆಳೆಯುತ್ತದೆ. ಅಂದರೆ ಕಲ್ಲು ಒಂದರ್ಥದಲ್ಲಿ ಕರಗಲಿಲ್ಲ, ಇನ್ನೊಂದರ್ಥದಲ್ಲಿ ಕರಗಿತು! ಒಂದೇ ವಾಕ್ಯದಲ್ಲಿ ಇವೆರಡನ್ನೂ ಹೇಗೆ ಹೇಳುವುದು?

ಪಠ್ಯಪುಸ್ತಕದ ದಾರಿ ಹಿಡಿದರೆ ಒಂದಕ್ಕೆ ‘ದ್ರವಿಸು’, ಇನ್ನೊಂದಕ್ಕೆ ‘ವಿಲೀನವಾಗು’ ಅನ್ನಬಹುದು. ‘ವಿಲೀನ’ ಅಂದರೆ ಈಗ ಜನರಿಗೆ ಬ್ಯಾಂಕುಗಳು ನೆನಪಾಗುತ್ತವೆ, ಅದು ಬೇರೆ ಮಾತು.

ಇದು ಸುಮ್ನೆ ಕೂದಲು ಸೀಳುವ ವಾದ ಅಲ್ಲ. ರಾಮನಗರದ ಬಂಡೆಗಳು ಕ್ಲೋಸ್‌ಪೇಟೆ ಗ್ರಾನೈಟ್. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರೇ. ಸುಮಾರು 250 ಕೋಟಿ ವರ್ಷದ ಹಿಂದೆ ಈ ಗ್ರಾನೈಟು ನಿಜವಾಗಿಯೂ ಕರಗಿದ ಸ್ಥಿತಿಯಲ್ಲಿ ಮೇಲೆ ಬಂದು ಗಟ್ಟಿಯಾಯಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಅದೇ ಸೀಮೆಯ ಕಬ್ಬಾಳದಲ್ಲಿ, ಕಲ್ಲು ಗಟ್ಟಿಯಾಗಿಯೇ ಉಳಿದು ಇನ್ನೊಂದಾಯಿತು. ಎರಡಕ್ಕೂ ‘ಕರಗಿ’ ಎಂದು ಬರೆದರೆ ಕಬ್ಬಾಳದ ವಿಶೇಷವೇ ಮಾಯ.

ಆ ವಿಶೇಷ ಏನೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಪದ ಹುಡುಕುವವರಿಗೆ ಅನುಕೂಲ. ಕಬ್ಬಾಳದ ಕಲ್ಲುಕ್ವಾರಿಯಲ್ಲಿ ಬೂದು ಬಣ್ಣದ ನೈಸ್ (gneiss) ಎಂಬ ರೂಪಾಂತರ ಶಿಲೆ ಇದೆ, ತಿಳಿ ಮತ್ತು ಕಪ್ಪು ಪಟ್ಟೆಗಳದ್ದು. ಅದರ ಮೇಲೆ ಅಲ್ಲಲ್ಲಿ ಎಣ್ಣೆ ಬಿದ್ದ ಹಾಗೆ ಹಸಿರುಗಪ್ಪು ಕಲೆಗಳು ಕಾಣುತ್ತವೆ. ಕಲೆಗಳು ಪಟ್ಟೆಗಳ ಜೊತೆ ಸಾಗುವುದಿಲ್ಲ, ಅವನ್ನು ಅಡ್ಡಲಾಗಿ ದಾಟುತ್ತವೆ. ಅಂಚು ಚಾಕುವಿನಲ್ಲಿ ಕತ್ತರಿಸಿದ ಹಾಗಿಲ್ಲ, ಮಸುಕು ಮಸುಕು. ಕಲೆಯೊಳಗೆ ಹರಳುಗಳು ದಪ್ಪ. ಇನ್ನೂ ಹತ್ತಿರದಿಂದ ನೋಡಿದರೆ ಕೆಲವು ಕಡೆ ಹಳೆಯ ಪಟ್ಟೆಯೊಂದು ಕಲೆಯ ಒಳಗೂ ಮಂಕಾಗಿ ಮುಂದುವರಿದಿರುತ್ತದೆ. ಕರಗಿ ಹರಿದಿದ್ದರೆ ಆ ಪಟ್ಟೆ ಎಲ್ಲಿ ಉಳಿಯುತ್ತಿತ್ತು, ಅಲ್ವಾ?

ಆ ಕಪ್ಪು ಭಾಗವೇ ಚಾರ್ನೊಕೈಟ್. (ಹೆಸರಿನ ಕಥೆ: ಕಲ್ಕತ್ತದಲ್ಲಿರುವ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾಬ್ ಚಾರ್ನಾಕ್‌ನ ಗೋರಿಗಲ್ಲು ಈ ಜಾತಿಯದು. ಅದನ್ನು ನೋಡಿ 1893ರಲ್ಲಿ ಭೂವಿಜ್ಞಾನಿ ಥಾಮಸ್ ಹಾಲೆಂಡ್ ಈ ಹೆಸರಿಟ್ಟರು. ಕಲ್ಲು ಮಾತ್ರ ಮದ್ರಾಸಿನ ಕಡೆಯದು.) ಬೂದು ಕಲ್ಲು ಕಪ್ಪು ಕಲ್ಲಾಗುತ್ತಿರುವುದನ್ನು ಕಬ್ಬಾಳದಲ್ಲಿ ಗುರುತಿಸಿ 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದವರು ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು. ಅವರ ಲೇಖನದ ತಲೆಬರಹವನ್ನು ಕನ್ನಡದಲ್ಲಿ ‘ಆಗುತ್ತಿರುವ ಚಾರ್ನೊಕೈಟ್’ ಅನ್ನಬಹುದು. ನನಗೆ ಆ ‘ಆಗುತ್ತಿರುವ’ ಬಹಳ ಇಷ್ಟ. ಕೆಲಸ ಅರ್ಧಕ್ಕೆ ನಿಂತಿರುವುದರಿಂದಲೇ ಅಲ್ಲಿ ಅದು ನಡೆದ ರೀತಿ ಕಾಣಿಸುತ್ತದೆ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋದರೆ ಬೆಟ್ಟಕ್ಕೆ ಬೆಟ್ಟವೇ ಚಾರ್ನೊಕೈಟು, ಶುರು ಎಲ್ಲಿ ಎಂದು ತಿಳಿಯುವುದಿಲ್ಲ.

ಒಳಗೆ ಆದದ್ದು ಇಷ್ಟು. ಬೂದು ಕಲ್ಲಿನಲ್ಲಿ ಕರಿ ಕಾಗೆಬಂಗಾರ ಇದೆ, ಬೆಣಚು ಇದೆ. ಕಾಗೆಬಂಗಾರದ ಹರಳಿನ ಕಟ್ಟಿನಲ್ಲೇ ನೀರು ಸೇರಿಕೊಂಡಿರುತ್ತದೆ, ತೂಕದಲ್ಲಿ ನೂರಕ್ಕೆ ಮೂರ್ನಾಲ್ಕು ಪಾಲು. ಸುಮಾರು 20 ಕಿಲೋಮೀಟರ್ ಆಳದಲ್ಲಿ, 700ರಿಂದ 750 ಡಿಗ್ರಿ ಬಿಸಿಯಲ್ಲಿ, ಕಾಗೆಬಂಗಾರವೂ ಬೆಣಚೂ ಸೇರಿ ಪೈರಾಕ್ಸೀನ್ ಮತ್ತು ಫೆಲ್ಡ್‌ಸ್ಪಾರ್ ಎಂಬ ಖನಿಜಗಳಾದವು, ನೀರು ಬಿಟ್ಟುಹೋಯಿತು. ಇಲ್ಲೊಂದು ಪೇಚು. ಅಷ್ಟು ಆಳದಲ್ಲಿ ನೀರು ಧಾರಾಳವಾಗಿದ್ದರೆ ಇಂಥ ಕಲ್ಲು 650 ಡಿಗ್ರಿಯ ಆಸುಪಾಸಿನಲ್ಲೇ ಕರಗಲು ಶುರುಮಾಡಬೇಕು. ಕಲೆಗಳು ಬಿದ್ದಲ್ಲಿ ಯಾಕೆ ಹಾಗಾಗಲಿಲ್ಲ? ಬಿರುಕುಗಳಲ್ಲಿ, ಕಲ್ಲು ಜರುಗಿ ತಿಕ್ಕಿದ ಎಳೆಗಳಲ್ಲಿ ಕೆಳಗಿನಿಂದ ಇಂಗಾಲದ ಡೈಆಕ್ಸೈಡ್ ನುಗ್ಗಿ ಬಂದು ನೀರಿನ ಪಾಲನ್ನು ತಗ್ಗಿಸಿತು ಎಂಬುದು 1970ರ ದಶಕದ ಕೊನೆಯಿಂದ ಬೆಳೆದ ವಿವರಣೆ. ಚಾರ್ನೊಕೈಟಿನ ಹರಳುಗಳ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಲ್ಲಿ ಆ ಅನಿಲ ಇಂದಿಗೂ ಸಿಕ್ಕಿಕೊಂಡಿದೆ. ತುಂಬಾ ಉಪ್ಪಾದ ನೀರೂ ಕೈಜೋಡಿಸಿತ್ತು ಎನ್ನುವವರಿದ್ದಾರೆ.

ಹಾಗಾದರೆ ಕ್ರಿಯಾಪದ ಯಾವುದು? ನನ್ನ ಮನಸ್ಸು ‘ಬೇಯು’ ಕಡೆಗೆ ವಾಲುತ್ತಿದೆ. ಬೆಂದ ಅಕ್ಕಿಕಾಳು ಕಾಳಾಗಿಯೇ ಉಳಿಯುತ್ತದೆ, ಒಳಗೆ ಮಾತ್ರ ಬೇರೆಯಾಗಿರುತ್ತದೆ. ಕರಗುವುದಕ್ಕೂ ಬೇಯುವುದಕ್ಕೂ ಇರುವ ಈ ವ್ಯತ್ಯಾಸವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ‘ಸುಡು’ ಬೇಡ ಅನಿಸುತ್ತದೆ. ಕರಗಿದ ಕಲ್ಲು ಬಂದು ತಾಗಿದಲ್ಲಿ ಪಕ್ಕದ ಕಲ್ಲು ಬದಲಾಗುತ್ತದಲ್ಲ, ಅದಕ್ಕೆ ‘ಸುಟ್ಟಿತು’ ಸರಿಹೋಗಬಹುದು. ‘ಬೇಯು’ ವಿಷಯದಲ್ಲಿ ಒಂದೇ ಅನುಮಾನ: ಬೇಯುವುದು ಅಂದರೆ ನೀರು ಸೇರುವುದು ಎಂಬ ಭಾವ ಬರುತ್ತದಾ? ಕಬ್ಬಾಳದಲ್ಲಿ ನೀರು ಹೋಯಿತು, ಸೇರಲಿಲ್ಲ.

ನೀರು ಸೇರಿ ಆದ ಕಲ್ಲೂ ನಮ್ಮಲ್ಲಿ ಬೇಕಾದಷ್ಟಿದೆ. ಬಳಪದ ಕಲ್ಲು ಅಂಥದ್ದು. ಮೆಗ್ನೀಸಿಯಂ ಜಾಸ್ತಿ ಇರುವ ಕಪ್ಪು ಕಲ್ಲಿಗೆ ಬಿಸಿ ನೀರು ಸೇರಿದರೆ ಸರ್ಪೆಂಟೈನ್ ಎಂಬ ಖನಿಜ. ಅದಕ್ಕೆ ಇಂಗಾಲದ ಡೈಆಕ್ಸೈಡ್ ಸಿಕ್ಕರೆ ಟಾಲ್ಕ್ ಮತ್ತು ಮ್ಯಾಗ್ನಸೈಟ್. ಟಾಲ್ಕನ್ನು ಉಗುರಲ್ಲಿ ಗೀರಬಹುದು. ಬೇಲೂರು, ಹಳೇಬೀಡಿನ ಕೆತ್ತನೆಯ ಕಲ್ಲಿನಲ್ಲಿ ಕ್ಲೋರೈಟ್ ಜಾಸ್ತಿ. ಅದೂ ನೀರು ಹಿಡಿದಿಟ್ಟುಕೊಂಡ ಖನಿಜವೇ. ಅದೇ ಇಂಗಾಲದ ಡೈಆಕ್ಸೈಡ್ ಒಂದು ಕಡೆ ಕಡಿಮೆ ಬಿಸಿಯಲ್ಲಿ ಮೆತ್ತನೆಯ ಬಳಪ ಮಾಡಿತು, ಇನ್ನೊಂದು ಕಡೆ ಹೆಚ್ಚು ಬಿಸಿಯಲ್ಲಿ ಉಳಿಗೆ ಬಗ್ಗದ ಚಾರ್ನೊಕೈಟ್ ಮಾಡಿತು. ಟಿಪ್ಪಣಿಯಲ್ಲಿ ಇವೆರಡನ್ನೂ ಹೇಳಲೇಬೇಕು, ಹಾಗಾಗಿ ಎರಡಕ್ಕೂ ಒಗ್ಗುವ ಕ್ರಿಯಾಪದ ಬೇಕು.

ಇನ್ನು ‘ಫ್ಲೂಯಿಡ್’. ‘ದ್ರವ’ ಅಂದರೆ ತಪ್ಪಾಗುತ್ತದೆ. ನೀರು 374 ಡಿಗ್ರಿ ದಾಟಿದ ಮೇಲೆ ಎಷ್ಟು ಒತ್ತಿದರೂ ದ್ರವವಲ್ಲ, ಇಂಗಾಲದ ಡೈಆಕ್ಸೈಡಿಗೆ 31 ಡಿಗ್ರಿಯೇ ಗಡಿ. ‘ಅನಿಲ’ ಅನ್ನೋಣವೆಂದರೆ ಆ ಆಳದ ಒತ್ತಡದಲ್ಲಿ ಅದು ಹೆಚ್ಚುಕಡಿಮೆ ನಮ್ಮ ಕೊಡದ ನೀರಿನಷ್ಟೇ ಸಾಂದ್ರ. (ಮೇಲೆ ನಾನೇ ‘ಅನಿಲ’ ಎಂದು ಬರೆದಿದ್ದೇನೆ, ಬೇರೆ ಪದ ಇಲ್ಲದೆ.) ‘ತರಲ’ ಎಂಬ ಪದವನ್ನು ಕೆಲವರು ಬಳಸುತ್ತಾರೆ. ನನಗೆ ಅದನ್ನು ಓದಿದಾಗಲೆಲ್ಲ ‘ತರಲೆ’ ನೆನಪಾಗುತ್ತದೆ. ‘ಪ್ರವಾಹಿ’ ತೊಂದರೆಯಿಲ್ಲ, ಆದರೆ ಪ್ರವಾಹ ಅಂದರೆ ಹೊಳೆ ಉಕ್ಕಿದ ಚಿತ್ರ. ಕಲ್ಲಿನೊಳಗೆ ನಡೆಯುವುದು ಹರಳು ಹರಳಿನ ಸಂದಿಯಲ್ಲಿ ನುಸುಳುವ ಕೆಲಸ.

‘ಒಸರು’ ಹೇಗೆ? ಬಂಡೆಯ ಸಂದಿಯಿಂದ ನೀರು ಒಸರುವುದು ಎಲ್ಲರಿಗೂ ಗೊತ್ತು. ಅದನ್ನೇ ನಾಮಪದ ಮಾಡಿ ‘ಬಿಸಿಯೊಸರು ಹಾದಲ್ಲೆಲ್ಲ ಕಲ್ಲು ಕಪ್ಪಾಯಿತು’ ಎಂದು ಬರೆದು ನೋಡಿದೆ. ಕಿವಿಗೆ ಚೆನ್ನಾಗಿದೆ. ಆದರೆ ಒಸರು ಅಂದರೆ ದ್ರವವೇ ಎಂಬ ಭಾವ ಬರುತ್ತದಾ, ಮಲೆನಾಡಿನವರು ಹೇಳಬೇಕು.

‘ರೂಪಾಂತರ’ವನ್ನು ನಾನು ಮುಟ್ಟುವುದಿಲ್ಲ. ಶಾಲೆಯಿಂದ ಎಲ್ಲರಿಗೂ ಗೊತ್ತಿರುವ ಪದ, ಅದನ್ನು ಬದಲಿಸಿ ಯಾರಿಗೆ ಉಪಕಾರ? ‘ನೈಸ್’ ಮಾತ್ರ ಬದಲಾಗಬೇಕು. ‘ಇದು ನೈಸ್ ಕಲ್ಲು’ ಎಂದರೆ ಪಾಲಿಶ್ ಮಾಡಿದ ನುಣುಪು ಕಲ್ಲು ಅಂದುಕೊಳ್ಳುತ್ತಾರೆ. ಲಾಲ್‌ಬಾಗಿನ ಗುಡ್ಡವೂ ನೈಸೇ, ನುಣುಪೇನೂ ಇಲ್ಲ. ‘ಪದರಗಲ್ಲು’ ಅನ್ನಲು ಬಾರದು, ಕೆಸರು ಮರಳು ಕೂತು ಆದದ್ದಕ್ಕೆ ಆಗಲೇ ‘ಪದರು ಶಿಲೆ’ ಇದೆ. ನೈಸಿನ ಗೆರೆಗಳು ಕೂತ ಪದರಗಳಲ್ಲ, ಬಿಸಿಯಲ್ಲಿ ಹಿಂಡಿ ಎಳೆದಾಗ ಖನಿಜಗಳು ಬೇರೆ ಬೇರೆಯಾಗಿ ಸಾಲುಗಟ್ಟಿದ್ದು. ಹಾಗಾಗಿ ‘ಪಟ್ಟೆಗಲ್ಲು’ ಎಂದು ಬರೆದಿದ್ದೇನೆ. ಆಕ್ಷೇಪ ಇದ್ದರೆ ತಿಳಿಸಿ.

ಕೊನೆಯದಾಗಿ ಕಲ್ಲುಕೆಲಸದವರ ಮಾತು ಬಲ್ಲವರಿಗೆ ಒಂದು ಪ್ರಶ್ನೆ. ಕಲ್ಲು ಸುಲಭವಾಗಿ ಸೀಳುವ ದಿಕ್ಕಿಗೆ ನಿಮ್ಮ ಕಡೆಯ ಕಲ್ಲುಕುಟಿಗರು ಏನನ್ನುತ್ತಾರೆ? ಒಂದೇ ಬಂಡೆಯಲ್ಲಿ ಬೂದು ಮತ್ತು ಕಪ್ಪು ಭಾಗ ಎರಡೂ ಬಂದರೆ ಕಪ್ಪಿಗೆ ಬೇರೆ ಹೆಸರಿದೆಯಾ? ಚಾಮರಾಜನಗರ, ಕೊಳ್ಳೇಗಾಲ, ಕನಕಪುರದ ಕಡೆಯವರು ಯಾರಾದರೂ ಕೇಳಿ ತಿಳಿಸಿದರೆ ಉಪಕಾರವಾಗುತ್ತದೆ. ಊರಿನ ಹೆಸರನ್ನೂ ಜೊತೆಗೆ ಬರೆಯಿರಿ.